ಮಿನಿ ಡಿವಿ ಕ್ಯಾಸೆಟ್‌ನ ದೃಶ್ಯ ಕಂಪ್ಯೂಟರಿಗೆ ಬರುತ್ತಿಲ್ಲ

ಪ್ರಶ್ನೆ: ನಮಸ್ಕಾರ. ನಮ್ಮದು ಸಾಗರದ ಹತ್ತಿರದ ಒಂದು ಹಳ್ಳಿ. ನಮ್ಮ ತಂದೆಯವರು 2003ರಿಂದ 2008ರವರೆಗೆ ಊರಿನ ಯಕ್ಷಗಾನ ಬಯಲಾಟಗಳನ್ನೂ ಮನೆಯ ಮದುವೆ, ಉಪನಯನಗಳನ್ನೂ ಮಿನಿ ಡಿವಿ ಕ್ಯಾಮ್‌ಕಾರ್ಡರಿನಲ್ಲಿ ಚಿತ್ರೀಕರಿಸಿದ್ದರು. ಅಂಥ ಹದಿನಾರು ಕ್ಯಾಸೆಟ್‌ಗಳು ನನ್ನ ಬಳಿ ಇವೆ. ಅವುಗಳನ್ನು ಎಡಿಟ್ ಮಾಡಿ ಮನೆಯವರಿಗೆಲ್ಲ ಹಂಚಬೇಕೆಂದಿದ್ದೇನೆ. ಆದರೆ ಕ್ಯಾಮೆರಾವನ್ನು ಯುಎಸ್‌ಬಿ ವೈರಿನಿಂದ ವಿಂಡೋಸ್ 10 ಇರುವ ಡೆಸ್ಕ್‌ಟಾಪಿಗೆ ಜೋಡಿಸಿದಾಗ ಮೆಮರಿ ಕಾರ್ಡಿನಲ್ಲಿದ್ದ ಹನ್ನೊಂದು ಫೋಟೋಗಳು ಮಾತ್ರ ಕಾಣಿಸುತ್ತವೆ; ಕ್ಯಾಸೆಟ್‌ನಲ್ಲಿರುವ ದೃಶ್ಯದ ಸುಳಿವೇ ಇಲ್ಲ. ಒಂದು ತುದಿಯಲ್ಲಿ ಯುಎಸ್‌ಬಿ, ಇನ್ನೊಂದು ತುದಿಯಲ್ಲಿ ಫೈರ್‌ವೈರ್ ಇರುವ ಕೇಬಲ್ಲನ್ನೂ ತರಿಸಿ ನೋಡಿದೆ, ಪ್ರಯೋಜನವಾಗಲಿಲ್ಲ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಕ್ಯಾಸೆಟ್ ಚೆನ್ನಾಗಿಯೇ ಓಡುತ್ತದೆ. ಕ್ಯಾಮೆರಾ ಕೆಟ್ಟಿದೆಯೇ? ಹಳದಿ, ಬಿಳಿ, ಕೆಂಪು ಪಿನ್ನುಗಳ ಎವಿ ವೈರಿನಿಂದ ರೆಕಾರ್ಡ್ ಮಾಡಿಸಿಕೊಂಡರೆ ಸಾಕೇ?

ಉತ್ತರ: ಕ್ಯಾಮೆರಾ ಕೆಟ್ಟಿಲ್ಲ. ಪರದೆಯಲ್ಲಿ ಚಿತ್ರ ಸರಿಯಾಗಿ ಮೂಡುತ್ತಿದೆ ಎಂದರೆ ಟೇಪನ್ನು ಓದುವ ಅದರ ಹೆಡ್ ಕೆಲಸ ಮಾಡುತ್ತಿದೆ; ತಪ್ಪಿರುವುದು ದಾರಿ. ಮಿನಿ ಡಿವಿಯಲ್ಲಿ ದೃಶ್ಯವೊಂದೇ ಸೆಕೆಂಡಿಗೆ 25 ಮೆಗಾಬಿಟ್‌ನಷ್ಟು ಹರಿಯುತ್ತದೆ. ಆ ಕಾಲದ ಅನೇಕ ಕ್ಯಾಮೆರಾಗಳಲ್ಲಿದ್ದ ಯುಎಸ್‌ಬಿ 1.1ರ ಗರಿಷ್ಠ ವೇಗವೇ 12 ಮೆಗಾಬಿಟ್ ಆಗಿದ್ದರಿಂದ, ತಯಾರಕರು ಆ ಕಿಂಡಿಯನ್ನು ಫೋಟೋ ಸಾಗಿಸುವುದಕ್ಕೆ, ಹೆಚ್ಚೆಂದರೆ ಮಸುಕಾದ ಪುಟ್ಟ ಚಿತ್ರವನ್ನು ಕಳಿಸುವುದಕ್ಕೆ ಮಾತ್ರ ಇಟ್ಟಿದ್ದರು. ಕ್ಯಾಸೆಟ್‌ನ ದೃಶ್ಯ ಹೊರಬರುವುದು ಫೈರ್‌ವೈರ್ ಕಿಂಡಿಯಿಂದ. ಕ್ಯಾಮೆರಾದ ಮೇಲೆ ಅದಕ್ಕೆ ಡಿವಿ ಎಂದೋ, ಐಇಇಇ 1394 ಎಂದೋ, ಸೋನಿಯವರದಾದರೆ ಐ.ಲಿಂಕ್ ಎಂದೋ ಬರೆದಿರುತ್ತದೆ, ಮೂರೂ ಒಂದೇ.

ನೀವು ತರಿಸಿದ ಕೇಬಲ್ಲನ್ನು ದಯವಿಟ್ಟು ಎತ್ತಿಡಿ. ಯುಎಸ್‌ಬಿ ಮತ್ತು ಫೈರ್‌ವೈರ್‌ಗಳ ಮಾತುಕತೆಯ ಕ್ರಮವೇ ಬೇರೆಯಾದ್ದರಿಂದ ನಡುವೆ ಬರಿಯ ತಂತಿಯಿದ್ದರೆ ಒಂದರ ಮಾತು ಇನ್ನೊಂದಕ್ಕೆ ತಲುಪುವುದಿಲ್ಲ. ನಿಮ್ಮ ಡೆಸ್ಕ್‌ಟಾಪಿನಲ್ಲಿ ಖಾಲಿ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಇದ್ದರೆ ಫೈರ್‌ವೈರ್ ಕಾರ್ಡ್ ಹಾಕಿಸಿ, ಆರು ಪಿನ್ನಿನಿಂದ ನಾಲ್ಕು ಪಿನ್ನಿಗೆ ಬರುವ ಕೇಬಲ್ ಕೊಳ್ಳಿ. ಇಲ್ಲವಾದರೆ ನೆಂಟರಿಷ್ಟರ ಮನೆಯ ಅಟ್ಟದಲ್ಲಿ 2005-2010ರ ನಡುವಿನ ಲ್ಯಾಪ್‌ಟಾಪ್ ಇದೆಯೇ ಎಂದು ವಿಚಾರಿಸಿ. ಆಗಿನ ಹಲವು ಲ್ಯಾಪ್‌ಟಾಪ್‌ಗಳ ಪಕ್ಕದಲ್ಲಿ ನಾಲ್ಕು ಪಿನ್ನಿನ ಫೈರ್‌ವೈರ್ ಕಿಂಡಿ ಇರುತ್ತಿತ್ತು.

ಒಂದು ಎಚ್ಚರಿಕೆ ಇಲ್ಲಿ ಬಹಳ ಮುಖ್ಯ. ಆರು ಪಿನ್ನಿನ ತುದಿಯಲ್ಲಿ ವಿದ್ಯುತ್ ಹರಿಯುತ್ತದೆ. ಅದನ್ನು ತಿರುಗುಮುರುಗಾಗಿ ಒತ್ತಿ ತುರುಕಿದರೆ ಆ ವಿದ್ಯುತ್ ಡೇಟಾ ತಂತಿಗೆ ನುಗ್ಗಿ ಕ್ಯಾಮೆರಾದ ಕಿಂಡಿಯನ್ನು ಸುಟ್ಟುಬಿಡುತ್ತದೆ. ಹೀಗೆ ಹಾಳಾದ ಕ್ಯಾಮೆರಾಗಳು ರಿಪೇರಿಗೆಂದು ನನ್ನ ಮೇಜಿಗೆ ಬಂದಿವೆ, ಅವುಗಳಲ್ಲಿ ಒಂದನ್ನೂ ಉಳಿಸಲಾಗಲಿಲ್ಲ. ಆದ್ದರಿಂದ ಕ್ಯಾಮೆರಾ, ಕಂಪ್ಯೂಟರ್ ಎರಡನ್ನೂ ಆಫ್ ಮಾಡಿ, ಪಿನ್ನಿನ ಆಕಾರವನ್ನು ಬೆಳಕಿನಲ್ಲಿ ನೋಡಿಕೊಂಡು ಜೋಡಿಸಿ. ಆಮೇಲೆ ಕ್ಯಾಮೆರಾವನ್ನು ಬ್ಯಾಟರಿಯ ಬದಲು ಅಡಾಪ್ಟರಿನಿಂದ ನಡೆಸಿ, ಗುಂಡಿಯನ್ನು ರೆಕಾರ್ಡಿಂಗಿನ ಕಡೆಗಲ್ಲದೆ ಪ್ಲೇ ಅಥವಾ ವಿಸಿಆರ್ ಎಂದಿರುವ ಕಡೆಗೆ ತಿರುಗಿಸಿ.

ಎವಿ ವೈರಿನ ದಾರಿಯನ್ನು ನಾನು ಒಪ್ಪುವುದಿಲ್ಲ. ಕ್ಯಾಸೆಟ್‌ನಲ್ಲಿರುವುದು ಡಿಜಿಟಲ್ ದಾಖಲೆ. ಫೈರ್‌ವೈರ್‌ನಿಂದ ತೆಗೆದರೆ ಅದು ಇದ್ದಂತೆಯೇ ಕಂಪ್ಯೂಟರಿಗೆ ಇಳಿಯುತ್ತದೆ. ಎವಿ ವೈರಿನಲ್ಲಿ ಅದು ಅನಲಾಗ್ ಆಗಿ, ಮತ್ತೆ ಡಿಜಿಟಲ್ ಆಗಿ, ಬಣ್ಣದ ಅಂಚುಗಳು ಕಲಸಿಹೋಗುತ್ತವೆ. ಕಿರೀಟದ ಕುಸುರಿ, ಮುಖವರ್ಣಿಕೆಯ ಗೆರೆಗಳು ಇರುವ ದೃಶ್ಯಕ್ಕೆ ಇದು ನಿಜವಾದ ನಷ್ಟ.

ಪ್ರಶ್ನೆ: ಕಾರ್ಡ್ ಹಾಕಿಸಿದೆ. ಡಿವೈಸ್ ಮ್ಯಾನೇಜರಿನಲ್ಲಿ ಕಾರ್ಡ್ ಕಾಣುತ್ತದೆ, ಆದರೆ ಕ್ಯಾಮೆರಾ ಒಮ್ಮೆ ಕಾಣುತ್ತದೆ, ಒಮ್ಮೆ ಮಾಯವಾಗುತ್ತದೆ. ಕಂಡಾಗ ವಿನ್‌ಡಿವಿ ತಂತ್ರಾಂಶದಲ್ಲಿ ಕ್ಯಾಪ್ಚರ್ ಮಾಡಿದರೆ, ಹೊರಗಿನ ಹಾರ್ಡ್ ಡಿಸ್ಕಿಗೆ ಹತ್ತೊಂಬತ್ತು ನಿಮಿಷ ಇಳಿದ ಮೇಲೆ ನಿಂತುಬಿಡುತ್ತದೆ. ಎರಡು ಸಲವೂ ಅಲ್ಲಿಯೇ ನಿಂತಿತು.

ಉತ್ತರ: ಎರಡು ಸಲವೂ ಹತ್ತೊಂಬತ್ತು ನಿಮಿಷಕ್ಕೇ ನಿಂತಿತು ಎಂದು ನೀವು ಗಮನಿಸಿ ಬರೆದದ್ದು ಉಪಕಾರವಾಯಿತು. ನಿಮ್ಮ ಹಾರ್ಡ್ ಡಿಸ್ಕ್ ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರಬೇಕು. ಅದರಲ್ಲಿ ಒಂದು ಫೈಲು 4 ಜಿಬಿ ಮೀರುವಂತಿಲ್ಲ, ಡಿವಿ ದೃಶ್ಯ ಅಷ್ಟು ಜಾಗವನ್ನು ತುಂಬುವುದು ಹತ್ತೊಂಬತ್ತು-ಇಪ್ಪತ್ತು ನಿಮಿಷಗಳಲ್ಲಿ. ಡಿಸ್ಕಿನಲ್ಲಿರುವುದನ್ನೆಲ್ಲ ಬೇರೆಡೆ ನಕಲಿಸಿಕೊಂಡು, ಈ ಮಿತಿಯಿಲ್ಲದ ಎನ್‌ಟಿಎಫ್‌ಎಸ್ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿ. ಒಂದು ಗಂಟೆಯ ಕ್ಯಾಸೆಟ್‌ಗೆ ಸುಮಾರು 13 ಜಿಬಿ ಬೇಕಾಗುವುದರಿಂದ ಹದಿನಾರಕ್ಕೆ 210 ಜಿಬಿಯಷ್ಟು ಜಾಗ ಇಟ್ಟುಕೊಳ್ಳಿ.

ಕ್ಯಾಮೆರಾ ಬಂದು ಹೋಗುವುದು ಬಹುಮಟ್ಟಿಗೆ ಡ್ರೈವರಿನ ತೊಂದರೆ. ವಿಂಡೋಸ್ 8ರಿಂದ ಈಚೆಗೆ 1394ರ ಹಳೆಯ ಡ್ರೈವರ್ ಜೊತೆಯಲ್ಲಿ ಬರುತ್ತಿಲ್ಲ. ಮೈಕ್ರೋಸಾಫ್ಟ್ ಅದನ್ನು ಪ್ರತ್ಯೇಕವಾಗಿ ಕೊಟ್ಟಿತ್ತು. ಅದನ್ನು ಸ್ಥಾಪಿಸಿ, ಡಿವೈಸ್ ಮ್ಯಾನೇಜರಿನಲ್ಲಿ ಕಾರ್ಡಿನ ಡ್ರೈವರನ್ನು ಲೆಗಸಿ ಎಂದು ಕೊನೆಯಾಗುವ ಆಯ್ಕೆಗೆ ಬದಲಿಸಿ. ಆಮೇಲೂ ಹಾಗೆಯೇ ಆದರೆ ಕೇಬಲ್ ಬದಲಿಸಿ ನೋಡಿ, ನಾಲ್ಕು ಪಿನ್ನಿನ ತುದಿ ಸಡಿಲವಾಗುವುದು ಸಾಮಾನ್ಯ.

ಸದಸ್ಯರೊಬ್ಬರು: ಮ್ಯಾಕ್ ಬಳಸುವವರಿಗಾಗಿ ಒಂದು ಮಾತು. 2025ರಲ್ಲಿ ಬಂದ ಮ್ಯಾಕ್‌ಓಎಸ್ 26ರಲ್ಲಿ ಫೈರ್‌ವೈರ್‌ಗೆ ಬೆಂಬಲವೇ ಇಲ್ಲ. ಈ ಕೆಲಸ ಬಾಕಿ ಇರುವವರು ಹಳೆಯ ಆವೃತ್ತಿಯಿರುವ ಯಂತ್ರವೊಂದನ್ನು ಉಳಿಸಿಕೊಳ್ಳಿ.

ಪ್ರಶ್ನೆ: ಒಂಬತ್ತು ಕ್ಯಾಸೆಟ್ ಪೂರ್ತಿಯಾಗಿ ಇಳಿದವು, ಧನ್ಯವಾದಗಳು. ಹತ್ತನೆಯದರಲ್ಲಿ ಚಿತ್ರದ ಮೇಲೆ ಚೌಕ ಚೌಕವಾದ ತುಣುಕುಗಳು ಬರುತ್ತಿವೆ. ಇನ್ನೊಂದರ ಟೇಪಿನ ಅಂಚಿಗೆ ಬೂದಿಯಂಥ ಬಿಳಿ ಪುಡಿ ಹತ್ತಿದೆ. ಎಡಿಟ್ ಮಾಡಿದ ಫೈಲಿನಲ್ಲಿ ವೇಷಧಾರಿ ಮಂಡಿ ಹಾಕಿ ತಿರುಗುವಾಗ ಚಿತ್ರ ನಡುಗುತ್ತದೆ, ಮೂಲದಲ್ಲಿ ಹಾಗಿಲ್ಲ.

ಉತ್ತರ: ಬಿಳಿ ಪುಡಿ ಹತ್ತಿದ ಕ್ಯಾಸೆಟ್ಟನ್ನು ಕ್ಯಾಮೆರಾದೊಳಗೆ ಹಾಕಲೇಬೇಡಿ. ಅದು ಬೂಷ್ಟು, ಮಲೆನಾಡಿನ ಮಳೆಗಾಲ ಟೇಪಿಗೆ ಬಹಳ ಕೆಟ್ಟದ್ದು. ಹೆಡ್ಡಿಗೆ ಅಂಟಿದರೆ ಉಳಿದ ಕ್ಯಾಸೆಟ್‌ಗಳಿಗೂ ಅಪಾಯ. ಅದನ್ನು ಬೇರೆ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆಗಿಟ್ಟು, ಟೇಪು ಶುಚಿಗೊಳಿಸುವ ಅನುಭವವಿರುವವರಿಗೇ ಕೊಡಿ. ಚೌಕಗಳು ಬರುವುದು ಹೆಡ್ಡಿನಲ್ಲಿ ಕೊಳೆ ಕೂತಾಗ. ಕ್ಲೀನಿಂಗ್ ಕ್ಯಾಸೆಟ್ಟನ್ನು ಹತ್ತು ಸೆಕೆಂಡು ಮಾತ್ರ ಓಡಿಸಿ. ಅದು ಹೆಡ್ಡನ್ನು ಉಜ್ಜುವಂಥದ್ದಾದ್ದರಿಂದ ಪದೇ ಪದೇ ಬಳಸಿದರೆ ಸವೆತ ಖಂಡಿತ. ಶುಚಿಯಾದ ಮೇಲೂ ಹತ್ತನೆಯದರಲ್ಲಿ ಮಾತ್ರ ಚೌಕಗಳು ಉಳಿದರೆ ದೋಷ ಆ ಟೇಪಿನದೇ.

ನಡುಕಕ್ಕೆ ಕಾರಣ ಫೀಲ್ಡ್‌ಗಳ ಕ್ರಮ. ಡಿವಿಯ ಒಂದೊಂದು ಫ್ರೇಮೂ ಒಂದು ಬಿಟ್ಟು ಒಂದು ಗೆರೆಗಳ ಎರಡು ಅರ್ಧಗಳಿಂದ, ಅಂದರೆ ಫೀಲ್ಡ್‌ಗಳಿಂದ ಆಗಿರುತ್ತದೆ, ಅದರಲ್ಲಿ ಕೆಳಗಿನದು (ಲೋವರ್) ಎನ್ನುವ ಫೀಲ್ಡ್ ಮೊದಲು. ನಿಮ್ಮ ಪ್ರಾಜೆಕ್ಟಿನಲ್ಲಿ ಮೇಲಿನದು ಮೊದಲು ಎಂದು ಆಯ್ಕೆಯಾಗಿದ್ದರೆ ಪ್ರತಿ ಚಲನೆಯೂ ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಹೋಗುತ್ತದೆ. ನಿಂತ ವೇಷದಲ್ಲಿ ಇದು ಗೊತ್ತಾಗುವುದಿಲ್ಲ, ಮಂಡಿಯಲ್ಲಿ ತಕ್ಷಣ ಕಾಣುತ್ತದೆ. ಪ್ರಾಜೆಕ್ಟನ್ನು 720 × 576, 25 ಫ್ರೇಮ್, ಲೋವರ್ ಫೀಲ್ಡ್ ಫಸ್ಟ್ ಎಂದು ಬದಲಿಸಿ.

ಉಳಿದವುಗಳಲ್ಲಿ ಯಾವುದಾದರೂ ಎಲ್‌ಪಿ ವೇಗದಲ್ಲಿ, ಅಂದರೆ ಅರವತ್ತರ ಬದಲು ತೊಂಬತ್ತು ನಿಮಿಷ ಹಿಡಿಯುವಂತೆ ರೆಕಾರ್ಡ್ ಆಗಿದೆಯೇ ನೋಡಿ. ಅಂಥದ್ದು ಬೇರೆ ಕ್ಯಾಮೆರಾದಲ್ಲಿ ಸರಿಯಾಗಿ ಓಡುವ ಭರವಸೆಯಿಲ್ಲದ್ದರಿಂದ ಮೊದಲು ಅದನ್ನೇ ಇಳಿಸಿಕೊಳ್ಳಿ. ಕೊನೆಯ ಕ್ಯಾಸೆಟ್ ಮುಗಿಯುವವರೆಗೆ ತಂದೆಯವರ ಕ್ಯಾಮೆರಾವನ್ನು ಯಾರಿಗೂ ಕೊಡಬೇಡಿ.