ಮೆಡಿಕಲ್ ಸ್ಕೂಲ್‌ಗೆ ಅಪ್ಲೈ ಮಾಡ್ತಿದೀನಿ, ಹೆಸರು ಹೇಳ್ದೆ ಎಷ್ಟು ವಿಷ್ಯ ಬರೀಬಹುದು?

ಅರೆನಿದ್ದೆ:
ಎಲ್ರಿಗೂ ನಮಸ್ಕಾರ. ಇಲ್ಲಿ ಅಮೆರಿಕದಲ್ಲಿ ಡಿಗ್ರಿ ಮುಗೀತು, ಈ ಅಡ್ಮಿಷನ್ ಸೈಕಲ್‌ನಲ್ಲಿ ಎಂಡಿಗೆ (ಇಲ್ಲಿ ಡಾಕ್ಟರ್ ಆಗೋಕೆ ಓದೋ ಮೊದಲ ಮೆಡಿಕಲ್ ಡಿಗ್ರಿ) ಅಪ್ಲೈ ಮಾಡ್ತಿದೀನಿ. ಆಮ್ಕಾಸ್ (ಒಂದೇ ಕಡೆಯಿಂದ ಹಲವು ಮೆಡಿಕಲ್ ಸ್ಕೂಲಿಗೆ ಅಪ್ಲೈ ಮಾಡೋ ಸರ್ವೀಸು) ಫಾರ್ಮ್ ತುಂಬ್ತಾ ಕೂತಿದೀನಿ, ಸ್ಕೂಲ್ ಲಿಸ್ಟ್ ವಿಷ್ಯದಲ್ಲಿ ತಲೆ ಕೆಟ್ಟು ಹೋಗಿದೆ, ಕೇಳೋಣ ಅಂದ್ರೆ ನಮ್ಮನೇಲಿ ಡಾಕ್ಟರ್ ಅನ್ನೋರು ಯಾರೂ ಇಲ್ಲ. ಅದಕ್ಕೇ ಪ್ರೀಮೆಡ್ (ಮೆಡಿಕಲ್‌ಗೆ ತಯಾರಾಗ್ತಿರೋರ) ಫೋರಂಗಳಲ್ಲಿ ನನ್ನ ಸ್ಟ್ಯಾಟ್ಸ್, ಅಂದ್ರೆ ಜಿಪಿಎ (ಡಿಗ್ರಿ ಗ್ರೇಡುಗಳ ಸರಾಸರಿ), ಎಂಕ್ಯಾಟ್ (ಮೆಡಿಕಲ್ ಎಂಟ್ರೆನ್ಸ್ ಪರೀಕ್ಷೆ) ಸ್ಕೋರು, ಅನುಭವ ಎಲ್ಲಾ ಹಾಕಿ ಕೇಳೋಣ ಅಂತಿದೀನಿ. ಆದ್ರೆ ನಮ್ಮ ಲ್ಯಾಬಲ್ಲಿದ್ದ ಹುಡುಗಿ ಒಬ್ಳು ಹಿಂಗೇ ಹೆಸರಿಲ್ದೆ ಹಾಕಿದ್ಲು, ಅವಳ ಬ್ಯಾಚಿನೋರು ಎರಡು ಸಾಲು ಓದಿ ಇವಳೇ ಅಂತ ಹಿಡಿದ್ಬಿಟ್ರು, ಆಮೇಲೆ ಅವಳ ಸ್ಕೋರು, ರಿಜೆಕ್ಷನ್ನು ಎಲ್ಲಾ ಗ್ರೂಪ್ ಚಾಟಲ್ಲಿ ಓಡಾಡ್ತು. ಡೀಟೇಲ್ ಹಾಕ್ಲಿಲ್ಲ ಅಂದ್ರೆ ಯಾರೂ ನೆಟ್ಟಗೆ ಹೇಳಲ್ಲ, ಹಾಕಿದ್ರೆ ಈ ಕಥೆ. ಏನು ಮಾಡೋದು?

ಡ್ರಾಫ್ಟ್ ಕೆಳಗಿದೆ (ವಿವರ ಎಲ್ಲಾ ಬದಲಾಯ್ಸಿದೀನಿ, ಆದ್ರೆ ನಂದೂ ಹೆಚ್ಚುಕಮ್ಮಿ ಇದೇ ನಮೂನೆ):
"ಓಹಾಯೋದ ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜು, ಬಯಾಲಜಿ ಜೊತೆ ಪೈಪ್ ಆರ್ಗನ್‌ನಲ್ಲಿ ಡಬಲ್ ಮೇಜರ್. ಮನೆಮಾತು ಕನ್ನಡ. ಜಿಪಿಎ 3.71, ಎಂಕ್ಯಾಟ್ 517, ಸೆಕ್ಷನ್ ಪ್ರಕಾರ 130, 126, 131, 130. ಬರ್ನ್ ಯೂನಿಟ್‌ನಲ್ಲಿ (ಸುಟ್ಟಗಾಯದ ವಾರ್ಡ್) ಸ್ಕ್ರೈಬ್ (ಡಾಕ್ಟರ ಪರವಾಗಿ ಪೇಷೆಂಟ್ ನೋಟ್ಸ್ ಬರೆಯೋ ಕೆಲ್ಸ), ಝೀಬ್ರಾಫಿಶ್ ಲ್ಯಾಬ್, ಒಂದು ಪೇಪರಲ್ಲಿ ಸೆಕೆಂಡ್ ಆಥರ್, ಕಿವುಡ ಮಕ್ಕಳಿಗೆ ಸಮ್ಮರ್ ಕ್ಯಾಂಪ್ ಶುರು ಮಾಡಿದ್ದು ನಾನೇ."

ಮೂಲೆಮನೆ:
ಗುರು ಇಷ್ಟೆಲ್ಲಾ ತಲೆ ಕೆಡಿಸ್ಕೋಬೇಡ. ವರ್ಷಕ್ಕೆ 50 ಸಾವಿರಕ್ಕೂ ಜಾಸ್ತಿ ಜನ ಎಂಡಿಗೆ ಅಪ್ಲೈ ಮಾಡ್ತಾರೆ, ಅಡ್ಮಿಷನ್ ಕಮಿಟಿನೋರಿಗೆ ಫೈಲ್ ಓದೋಕೇ ಟೈಮ್ ಸಾಲಲ್ಲ, ನಿನ್ನ ಪೋಸ್ಟ್ ಹುಡುಕ್ಕೊಂಡು ಕೂರ್ತಾರಾ. ಹಾಕ್ಬಿಡು.

ಹಳೇಸ್ಟೆತ್:
ಮೂಲೆಮನೆ ಹೇಳಿದ್ದು ಅರ್ಧ ಸರಿ. ನಾನೀಗ ರೆಸಿಡೆಂಟು (ಆಸ್ಪತ್ರೇಲಿ ತರಬೇತಿಯಲ್ಲಿರೋ ಡಾಕ್ಟರ್), ಸ್ಟೂಡೆಂಟ್ ಆಗಿದ್ದಾಗ ಅಪ್ಲಿಕೆಂಟ್‌ಗಳ ಇಂಟರ್‌ವ್ಯೂನಲ್ಲಿ ಕೂತಿದೀನಿ. ಸಾವಿರಾರು ಜನರಲ್ಲಿ ಇವನು ಯಾರು ಅಂತ ಯಾರೂ ಹುಡುಕಲ್ಲ, ನಿಜ. ಆದ್ರೆ ನಿಮ್ಮನ್ನ ಹಿಡಿಯೋರು ಹುಡುಕ್ಕೊಂಡು ಬಂದೋರಲ್ಲ ಕಣ್ರೀ, ನಿಮ್ಮನ್ನ ಆಗ್ಲೇ ಬಲ್ಲೋರು. ಪ್ರೀಮೆಡ್ ಅಡ್ವೈಸರು, ಲ್ಯಾಬ್‌ಮೇಟು, ನಿಮ್ಮ ಜೊತೆ ಸ್ಕ್ರೈಬ್ ಮಾಡೋ ಇನ್ನೊಬ್ಬ ಅಪ್ಲಿಕೆಂಟು, ಇವ್ರೆಲ್ಲಾ ದಿನಾ ಇದೇ ಜಾಗಗಳಲ್ಲೇ ಇರ್ತಾರೆ, ಅವರಿಗೆ ಒಂದು ಸಾಲು ಸಾಕು. ಇನ್ನು ಕಮಿಟಿಯಲ್ಲಿ ನಿಮ್ಮ ಫೈಲ್ ಹೋದ ವಾರವಷ್ಟೇ ಓದಿರೋ ಒಬ್ರು ಟೈಮ್‌ಪಾಸ್‌ಗೆ ಥ್ರೆಡ್ ತೆಗೆದ್ರೆ ಪೈಪ್ ಆರ್ಗನ್ ನೋಡಿ ಕಣ್ಣು ನಿಲ್ಲದೇ ಇರತ್ತಾ? ಆರ್ಗನ್ ನುಡಿಸೋ ಬಯಾಲಜಿ ಹುಡುಗ್ರು ಎಷ್ಟು ಜನ ಸಿಗ್ತಾರೆ ಹೇಳಿ.

ಇನ್ನು ಆ ಪೇಪರು. ಝೀಬ್ರಾಫಿಶ್, ಓಹಾಯೋ, ಅಂಡರ್‌ಗ್ರಾಡ್ ಸೆಕೆಂಡ್ ಆಥರ್. ಪಬ್‌ಮೆಡ್‌ನಲ್ಲಿ (ಮೆಡಿಕಲ್ ಪೇಪರುಗಳನ್ನ ಹುಡುಕೋ ಸೈಟು) ಊರು, ಮೀನು ಎರಡೂ ಹಾಕಿ ಹುಡುಕಿದ್ರೆ ಬರೋ ಪಟ್ಟಿಯಲ್ಲಿ ಕನ್ನಡದ ಹೆಸರು ಎಷ್ಟಿರತ್ತೆ? ಹೆಸರು ಹೇಳಿಲ್ಲ ಅಂತ ನೀವು ಅಂದ್ಕೊಂಡಿರ್ತೀರ, ಪೋಸ್ಟಿನ ತುಂಬ ಅದೇ ಇದೆ. ಇಲ್ಲಿ ಕನ್ನಡದಲ್ಲಿ ಬರೀತಿರೋದ್ರಿಂದ್ಲೇ ಗುಂಪು ಎಷ್ಟು ಚಿಕ್ಕದಾಯ್ತು ನೋಡಿ :)

ಕಡತಗಿತ್ತಿ:
ನಾನು ಡಾಕ್ಟರ್ ಅಲ್ಲ, ಆಸ್ಪತ್ರೆ ರೆಕಾರ್ಡ್ಸ್ ಕಡೆ ಕೆಲ್ಸ. ರಿಸರ್ಚಿಗೆ ಡೇಟಾ ಕೊಡೋ ಮುಂಚೆ ಪೇಷೆಂಟ್ ಯಾರು ಅಂತ ಗೊತ್ತಾಗ್ದಂಗೆ ಮಾಡೋದೇ ನಮ್ಮ ದಿನದ ಪಾಡು. ಲಟಾನ್ಯಾ ಸ್ವೀನಿ ಅಂತ ಕಂಪ್ಯೂಟರ್ ಸೈಂಟಿಸ್ಟು 2000ದಲ್ಲಿ 1990ರ ಸೆನ್ಸಸ್ ಇಟ್ಕೊಂಡು ಲೆಕ್ಕ ಹಾಕಿ ತೋರ್ಸಿದ್ದು ಏನಂದ್ರೆ, ಐದಂಕಿ ಝಿಪ್ ಕೋಡು, ಹುಟ್ಟಿದ ದಿನ, ಗಂಡೋ ಹೆಣ್ಣೋ, ಇಷ್ಟು ಮೂರಿದ್ರೆ ಅಮೆರಿಕದ ಸುಮಾರು 87% ಜನರನ್ನ ಒಬ್ಬೊಬ್ರನ್ನಾಗಿ ಗುರುತಿಸ್ಬಹುದು ಅಂತ. ಬಿಡಿಬಿಡಿಯಾಗಿ ಮೂರೂ ಸಪ್ಪೆ ಮಾಹಿತಿ, ಕೂಡಿದಾಗ್ಲೇ ಬಣ್ಣ ಬಯಲಾಗೋದು. ಹಾಗಾಗಿ ಹಿಪಾ (ಪೇಷೆಂಟ್ ಮಾಹಿತಿ ಕಾಪಾಡೋ ಅಮೆರಿಕದ ಕಾನೂನು) ಪ್ರಕಾರ ನಾವು ಮಾಡೋದು ಹೀಗೆ: 18 ಬಗೆಯ ಗುರುತು ತೆಗೀತೀವಿ, ಜಾಗ ಅಂದ್ರೆ ರಾಜ್ಯದ ಹೆಸರವರೆಗೆ (ದೊಡ್ಡ ಜನಸಂಖ್ಯೆ ಇದ್ರೆ ಝಿಪ್‌ನ ಮೊದಲ ಮೂರಂಕಿ ಇಡ್ಬಹುದು), ತಾರೀಖು ಅಂದ್ರೆ ವರ್ಷ ಮಾತ್ರ, ವಯಸ್ಸು 89 ದಾಟಿದ್ರೆ ಎಲ್ರೂ 90 ಅಥವಾ ಅದಕ್ಕೂ ಮೇಲೆ ಅಂತ ಒಂದೇ ಗುಂಪು. ಯಾವುದನ್ನೂ ಸುಳ್ಳು ಬರೆಯಲ್ಲ, ದೊಡ್ಡ ಗುಂಪಿಗೆ ಸೇರಿಸಿಬಿಡ್ತೀವಿ ಅಷ್ಟೇ. ಪೇಷೆಂಟಿಗೆ ಮಾಡೋದನ್ನ ನಿಮಗೇ ಮಾಡ್ಕೊಳ್ಳಿ.

ಅಂಕಿಗಳಿಗೆ ಸುಲಭದ ದಾರಿ ಇದೆ. ಎಎಎಂಸಿ (ಇಲ್ಲಿನ ಮೆಡಿಕಲ್ ಕಾಲೇಜುಗಳ ಸಂಘ) ಪ್ರತಿವರ್ಷ ಜಿಪಿಎ, ಎಂಕ್ಯಾಟ್ ಸೇರಿಸಿ ಎಷ್ಟು ಜನಕ್ಕೆ ಸೀಟು ಸಿಕ್ತು ಅಂತ ಒಂದು ಗ್ರಿಡ್ ಹಾಕತ್ತೆ, ಟೇಬಲ್ ಎ-23. ಅದ್ರಲ್ಲಿ ಯಾರ ಬಿಡಿ ಸ್ಕೋರೂ ಇಲ್ಲ, ಬರೀ ಗುಂಪುಗಳು. ನಿಮ್ಮ ಡ್ರಾಫ್ಟಿನ 3.71 ಅಲ್ಲಿ 3.60ರಿಂದ 3.79, 517 ಅಲ್ಲಿ 514ರಿಂದ 517. ಅದನ್ನೇ ಬರೀರಿ. ಸಲಹೆ ಕೊಡೋರು ನೋಡೋದೂ ಅದೇ ಗ್ರಿಡ್ಡು, ಅವರಿಗೆ ಒಂದು ಚೂರೂ ಕಮ್ಮಿಯಾಗಲ್ಲ. ನಾಲ್ಕು ಸೆಕ್ಷನ್ ಸ್ಕೋರು ಮಾತ್ರ ಬೇಡ್ವೇ ಬೇಡ, ಒಟ್ಟು 517 ಬಂದೋರು ಬೇಕಾದಷ್ಟಿದ್ರೂ ಅದೇ ನಾಲ್ಕಂಕಿ ಅದೇ ಸಾಲಲ್ಲಿ ಇರೋರು ಬೆರಳೆಣಿಕೆ. "ಕಾರ್ಸ್ ಉಳಿದವಕ್ಕಿಂತ ಕಮ್ಮಿ" ಅಂದ್ರೆ ಸಾಕು (ಕಾರ್ಸ್ ಅಂದ್ರೆ ಓದಿ ಅರ್ಥ ಮಾಡ್ಕೊಳ್ಳೋ ಸೆಕ್ಷನ್, ನಿಮ್ಮ ಡ್ರಾಫ್ಟಿನ 126).

ಕಾಲೇಜಿರೋ ರಾಜ್ಯ ತೆಗೀರಿ, ಆದ್ರೆ ನೀವು ಯಾವ ರಾಜ್ಯದ ನಿವಾಸಿ (ರೆಸಿಡೆಂಟ್) ಅನ್ನೋದು ಇರ್ಲಿ. ಸ್ಟೇಟ್ ಸ್ಕೂಲ್‌ಗಳು ಬಹಳಷ್ಟು ಕಡೆ ತಮ್ಮ ರಾಜ್ಯದೋರಿಗೇ ಮೊದಲ ಮಣೆ ಹಾಕ್ತವೆ, ಅದನ್ನ ಮುಚ್ಚಿಟ್ರೆ ಲಿಸ್ಟ್ ಬಗ್ಗೆ ಯಾರು ಏನು ಹೇಳೋಕಾಗತ್ತೆ.

ಅರೆನಿದ್ದೆ:
ಅಕ್ಕ ತುಂಬಾ ಥ್ಯಾಂಕ್ಸ್, ಗ್ರಿಡ್ ವಿಷ್ಯ ಹೊಳೆದೇ ಇರ್ಲಿಲ್ಲ. ಒಂದು ಡೌಟು. ಆರ್ಗನ್ ತೆಗೆದು ಪಿಯಾನೋ ಅಂತ ಹಾಕಿದ್ರೆ? ಕಿವುಡ ಮಕ್ಕಳ ಕ್ಯಾಂಪ್ ಬದ್ಲು ವೃದ್ಧಾಶ್ರಮ ಅಂತ? ಸುಮ್ನೆ ದಾರಿ ತಪ್ಸೋಕೆ.

ಹಳೇಸ್ಟೆತ್:
ಬೇಡ. ಒಂದು ಸುಳ್ಳು ಹೇಳಿದ್ರೆ ಮುಂದಿನ ಕಾಮೆಂಟಲ್ಲಿ ಅದನ್ನ ಕಾಪಾಡೋಕೆ ಇನ್ನೆರಡು ಬೇಕಾಗತ್ತೆ, ಮಾರ್ಚ್ ಹೊತ್ತಿಗೆ ಯಾರಿಗೆ ಏನು ಹೇಳಿದ್ದೆ ಅಂತ ನಿಮಗೇ ನೆನಪಿರಲ್ಲ. ಅದಲ್ದೆ ಅಪ್ಪಿತಪ್ಪಿ ನೀವೇ ಅಂತ ಗೊತ್ತಾದ್ರೆ ನಿಮ್ಮ ಹೆಸರಲ್ಲಿ ಎರಡು ಬೇರೆ ಬೇರೆ ಬಯೋಡೇಟಾ ಇದ್ದಂಗೆ ಕಾಣತ್ತೆ, ಇರೋ ತಲೆನೋವಿಗೆ ಅದೊಂದು ಬಾಕಿ. "ಸಂಗೀತದಲ್ಲಿ ಎರಡನೇ ಮೇಜರ್", "ಮಕ್ಕಳ ಜೊತೆ ಲೀಡರ್‌ಶಿಪ್ ಕೆಲ್ಸ", "ಕ್ಲಿನಿಕಲ್ ಕೆಲ್ಸ ಸಂಬಳಕ್ಕೆ", "ಒಂದು ಪಬ್ಲಿಕೇಷನ್", ಮುಗೀತು. ಆಮ್ಕಾಸ್‌ನಲ್ಲಿ 15 ಆಕ್ಟಿವಿಟಿಗೆ ಜಾಗ ಇದೆ, ಒಂದೊಂದಕ್ಕೂ 700 ಅಕ್ಷರ, ಬಣ್ಣ ತುಂಬೋದೆಲ್ಲಾ ಅಲ್ಲಿ ತುಂಬಿ. ಅಲ್ಲಿ ಬರೆದ ವಾಕ್ಯನ ಇಲ್ಲಿಗೆ ಕಾಪಿ ಪೇಸ್ಟ್ ಮಾಡೋರನ್ನ ನೋಡ್ತಿರ್ತೀನಿ, ಕಮಿಟಿಯೋರು ಓದೋ ಅದೇ ಸಾಲು ಗೂಗಲ್‌ನಲ್ಲೂ ಸಿಗೋ ಹಾಗೆ ಮಾಡೋದು ಯಾವ ಬುದ್ಧಿವಂತಿಕೆಯೋ.

ಸ್ಕ್ರೈಬ್ ಆಗಿದೀರ ಅಂದ್ರಲ್ಲ, ಬರ್ನ್ ಯೂನಿಟ್ಟಿನ ಪೇಷೆಂಟ್ ಕಥೆ ಮಾತ್ರ ಹೆಸರಿಲ್ದೆ ಕೂಡ ಬರೀಬೇಡಿ. ಅಲ್ಲಿ ಬಯಲಾಗೋದು ನೀವಲ್ಲ, ಹಾಸಿಗೆ ಮೇಲಿರೋರು.

ತಂತಿಬೇಲಿ:
ಎಲ್ರೂ ಏನು ಬರೀಬೇಕು ಅನ್ನೋದನ್ನೇ ಹೇಳಿದ್ರು, ಅಕೌಂಟ್ ಕಡೆನೂ ನೋಡ್ಕೊಳ್ಳಿ. ಗೇಮಿಂಗಿಗೆ, ಇನ್‌ಸ್ಟಾಗೆ ಇರೋ ಯೂಸರ್‌ನೇಮ್ ತಂದು ಇಲ್ಲಿ ಹಾಕ್ಬೇಡಿ, ಅದೊಂದನ್ನ ಸರ್ಚ್ ಮಾಡಿದ್ರೆ ಮುಗೀತು. ಬೇರೆ ಈಮೇಲ್, ಬೇರೆ ಹೆಸರು, ಮತ್ತೆ ಆ ಅಕೌಂಟಲ್ಲಿ ಅಪ್ಲಿಕೇಷನ್ ಬಿಟ್ಟು ಇನ್ನೇನೂ ಮಾತಾಡ್ಬೇಡಿ, ಯಾಕಂದ್ರೆ ಒಂದು ಪೋಸ್ಟಲ್ಲಿ ನೀವು ಎಷ್ಟೇ ಹುಷಾರಾಗಿದ್ರೂ ಪ್ರೊಫೈಲ್ ಒತ್ತಿದ್ರೆ ಹಿಂದಿನದೆಲ್ಲಾ ಸಾಲಾಗಿ ಬರತ್ತೆ, ಒಂದರಲ್ಲಿ ಊರು, ಇನ್ನೊಂದರಲ್ಲಿ ನಾಯಿ ಫೋಟೋ, ಮತ್ತೊಂದರಲ್ಲಿ ಕೆಮಿಸ್ಟ್ರಿ ಮೇಷ್ಟ್ರ ಬಗ್ಗೆ ಗೊಣಗಾಟ, ಎಲ್ಲಾ ಪೋಣಿಸಿದ್ರೆ ಸರ ರೆಡಿ.

ಪರ್ಸನಲ್ ಸ್ಟೇಟ್‌ಮೆಂಟ್ ಓದಿ ಹೇಳಿ ಅಂತ ಗೂಗಲ್ ಡಾಕ್ ಲಿಂಕ್ ಹಾಕ್ತಾರಲ್ಲ, ಆ ಡಾಕ್ ಯಾರದು ಅಂತ ಅಸಲಿ ಹೆಸರು ಅಲ್ಲೇ ಕಾಣೋದುಂಟು. ವರ್ಡ್ ಫೈಲಾದ್ರೆ ಪ್ರಾಪರ್ಟೀಸ್‌ನಲ್ಲಿ ಆಥರ್ ಹೆಸರು ಕೂತಿರತ್ತೆ. ಎಸ್ಸೆನ ಬಹಿರಂಗವಾಗಿ ಹಾಕೋದೇ ಬೇಡ, ನಾಳೆ ಯಾರೋ ಕದ್ದು ಹಾಕಿದ್ರೆ ಕದ್ದಿದ್ದು ಯಾರು ಅನ್ನೋ ಪ್ರಶ್ನೆಗೆ ನೀವೂ ಉತ್ತರ ಕೊಡ್ಬೇಕಾಗತ್ತೆ. ಸ್ಕೋರ್ ಸ್ಕ್ರೀನ್‌ಶಾಟ್ ಹಾಕೋ ಆಸೆ ಬಂದ್ರೆ ಅದರಲ್ಲಿರೋ ಎಎಎಂಸಿ ಐಡಿ ನೋಡ್ಕೊಳ್ಳಿ, ಮೇಲೆ ಬರೋ ವಾಟ್ಸಾಪ್ ನೋಟಿಫಿಕೇಷನ್ನೂ.

ಆಮೇಲೆ ಡಿಲೀಟ್ ಮಾಡಿದ್ರಾಯ್ತು ಅನ್ನೋ ಲೆಕ್ಕ ಬೇಡ. ರೆಡಿಟ್‌ನಲ್ಲಿ ಅಕೌಂಟ್ ತೆಗೆದ್ರೆ ಹೆಸರು ಮಾತ್ರ ಹೋಗತ್ತೆ, ಬರೆದಿದ್ದು ಅಲ್ಲೇ ಉಳಿಯತ್ತೆ. ಅಕೌಂಟ್ ತೆಗೆಯೋ ಮುಂಚೆ ಪೋಸ್ಟುಗಳನ್ನ ಒಂದೊಂದಾಗಿ ತೆಗೀಬೇಕು, ಅಷ್ಟರಲ್ಲಿ ಯಾರಾದ್ರೂ ಕೋಟ್ ಮಾಡಿದ್ರೆ ಅದು ಅವರ ಪೋಸ್ಟು.

ಅರೆನಿದ್ದೆ:
ಹೊಸ ಡ್ರಾಫ್ಟ್: "ಓಹಾಯೋ ರೆಸಿಡೆಂಟ್, ಜಿಪಿಎ 3.60ರಿಂದ 3.79, ಎಂಕ್ಯಾಟ್ 514ರಿಂದ 517, ಕಾರ್ಸ್ ಕಮ್ಮಿ. ಸೈನ್ಸ್ ಜೊತೆ ಆರ್ಟ್ಸ್ ಮೇಜರ್. ಸಂಬಳದ ಕ್ಲಿನಿಕಲ್ ಕೆಲ್ಸ, ಲ್ಯಾಬು, ಒಂದು ಪಬ್ಲಿಕೇಷನ್, ಮಕ್ಕಳ ಜೊತೆ ಲೀಡರ್‌ಶಿಪ್." ಓದಿದ್ರೆ ನಂಗೇ ಬೋರ್ ಹೊಡೀತಿದೆ, ಅಂದ್ರೆ ಸರಿ ಇದೆ ಅನ್ಸತ್ತೆ 😄
ಇನ್ನೊಂದು, ಇಂಟರ್‌ವ್ಯೂ ಬಂದ್ಮೇಲೆ ಅಲ್ಲಿ ಏನಾಯ್ತು ಅಂತ ಬರೀಬಹುದಾ? ಬೇರೆಯೋರು ಬರೆದಿದ್ದನ್ನ ಓದ್ಕೊಂಡೇ ನಾನು ತಯಾರಾಗ್ತಿರೋದು, ತಿರುಗಿ ಏನೂ ಕೊಡ್ದೆ ಇರೋಕೆ ಒಂಥರಾ ಆಗತ್ತೆ.

ಹಳೇಸ್ಟೆತ್:
ಎಂಎಂಐ (ಸಾಲಾಗಿ ನಡೆಯೋ ಚಿಕ್ಕ ಚಿಕ್ಕ ಇಂಟರ್‌ವ್ಯೂಗಳು) ಸ್ಟೇಷನ್‌ನಲ್ಲಿ ಕೇಳಿದ ಸನ್ನಿವೇಶಗಳನ್ನ ಹೊರಗೆ ಹೇಳಲ್ಲ ಅಂತ ಹಲವು ಸ್ಕೂಲುಗಳು ಸಹಿ ತಗೋತವೆ, ಎಂಕ್ಯಾಟ್ ಪ್ರಶ್ನೆ ಹೊರಹಾಕಲ್ಲ ಅಂತ ನೀವು ಪರೀಕ್ಷೆ ದಿನವೇ ಒಪ್ಕೊಂಡಿದೀರ. ಇವೆರಡನ್ನ ಬರೀಲೇಬೇಡಿ. ಹೆಸರಿಲ್ಲ ಅನ್ನೋದು ಓದೋರ ಪಾಲಿಗೆ ಮಾತ್ರ, ಸೈಟ್ ನಡೆಸೋರ ಹತ್ರ ನಿಮ್ಮ ಈಮೇಲು, ಐಪಿ ಅಡ್ರೆಸ್ಸು ಎರಡೂ ಇರತ್ತೆ. ಉಳಿದಿದ್ದು ಬರೀರಿ, ಆದ್ರೆ ಅದೇ ದಿನ ಬೇಡ. ಒಂದು ಇಂಟರ್‌ವ್ಯೂ ದಿನಕ್ಕೆ ಬರೋ ಗುಂಪೇ ಚಿಕ್ಕದು, "ಇಂಟರ್‌ವ್ಯೂ ಮಾಡಿದ ಸರ್ಜನ್ ಮಧ್ಯದಲ್ಲಿ ಪೇಜರ್ ಬಂತು ಅಂತ ಎದ್ದು ಹೋದ್ರು" ಅಂತ ಬರೆದ್ರೆ ಆ ಸರ್ಜನ್‌ಗೆ ಆವತ್ತು ಎದುರಿಗೆ ಕೂತಿದ್ದೋರ ಮುಖ ನೆನಪಿರತ್ತೆ. ಸೈಕಲ್ ಮುಗಿದ್ಮೇಲೆ ಬರೀರಿ, ಮುಂದಿನ ವರ್ಷದೋರಿಗೆ ಅಷ್ಟೇ ಉಪಯೋಗ.

ವೇಟ್‌ಲಿಸ್ಟ್ ಕಾಲದಲ್ಲಿ ಇನ್ನೂ ಹುಷಾರು. ಏಪ್ರಿಲ್ 30ರ ಹೊತ್ತಿಗೆ ಒಂದಕ್ಕಿಂತ ಜಾಸ್ತಿ ಸೀಟು ಸಿಕ್ಕೋರು ಒಂದನ್ನ ಮಾತ್ರ ಇಟ್ಕೋಬೇಕು, ಆಮೇಲೆ ಖಾಲಿಯಾದ ಜಾಗಕ್ಕೆ ಒಂದೊಂದೇ ಫೋನ್ ಹೋಗತ್ತೆ. "ಈಗ್ಲೇ ಇಂಥ ಸ್ಕೂಲಿಂದ ಕಾಲ್ ಬಂತು, ಯೋಚ್ನೆ ಮಾಡ್ತೀನಿ ಅಂದೆ, ನಂಗೆ ಇನ್ನೊಂದರ ಮೇಲೇ ಮನಸ್ಸು" ಅಂತ ಹಾಕೋರಿದಾರೆ. ಆ ಗಂಟೇಲಿ ಯಾರಿಗೆ ಫೋನ್ ಮಾಡಿದ್ವಿ ಅನ್ನೋದು ಆ ಆಫೀಸಿಗೆ ಗೊತ್ತಿಲ್ವಾ? ಅದೇ ಸ್ಕೂಲಿಗೆ ನೀವೇ ನಮ್ಮ ಮೊದಲ ಆಯ್ಕೆ ಅಂತ ಲೆಟರ್ ಆಫ್ ಇಂಟೆಂಟ್ ಕಳ್ಸಿದ್ರಂತೂ ಕೇಳೋದೇ ಬೇಡ.

ಮೂಲೆಮನೆ:
ಸರಿ ಒಪ್ಕೊಂಡೆ. ಹೊಸ ಡ್ರಾಫ್ಟಲ್ಲಿ "ಆರ್ಟ್ಸ್ ಮೇಜರ್" ಕೂಡ ಬೇಕಾ ಗುರು? ಸ್ಕೂಲ್ ಲಿಸ್ಟ್ ಮಾಡೋಕೆ ಅದು ಏನೂ ಬದಲಾಯ್ಸಲ್ಲ.

ಕಡತಗಿತ್ತಿ:
ಹೌದು, ಅದನ್ನೂ ತೆಗೀರಿ. ಬದಲಿಗೆ ಎಷ್ಟು ಸ್ಕೂಲಿಗೆ ಹಾಕೋ ಯೋಚ್ನೆ ಇದೆ, ರಿಸರ್ಚ್ ಜಾಸ್ತಿ ಇರೋ ಕಡೆನಾ ಪ್ರೈಮರಿ ಕೇರ್ ಕಡೆನಾ ಅಂತ ಸೇರ್ಸಿ, ಉತ್ತರ ಬೇಗ ಬರತ್ತೆ.