ಬಾಗಿಲ ಮೇಲಿನ ಸ್ವಸ್ತಿಕ ಅಳಿಸಬೇಕಾ? ಪಕ್ಕದ ಮನೆಯವರು ಯಹೂದಿಗಳು

ಜೆರ್ಸಿ_ಸೊಸೆ ಬರೆದಿದ್ದು:

ಎಲ್ಲರಿಗೂ ನಮಸ್ಕಾರ. ನಾವು ಇರೋದು ನ್ಯೂಜೆರ್ಸಿಯಲ್ಲಿ. ಹೋದ ತಿಂಗಳು ಹೊಸ ಮನೆಗೆ ಬಂದೆವು. ಗೃಹಪ್ರವೇಶಕ್ಕೆ ಅಂತ ಊರಿಂದ ಅತ್ತೆ ಬಂದಿದ್ದರು. ಹೊಸಿಲಿಗೆ ಅರಿಶಿನ ಕುಂಕುಮ, ಮೇಲೆ ತೋರಣ (ಪ್ಲಾಸ್ಟಿಕ್ಕಿನದು, ಇಲ್ಲಿ ಮಾವಿನೆಲೆಗೆ ಎಲ್ಲಿ ಹೋಗಲಿ), ಬಾಗಿಲ ನಡುವೆ ಅಂಗೈಯಗಲ ಕುಂಕುಮದ ಸ್ವಸ್ತಿಕ. ಬಾಗಿಲು ಬಿಳಿ. ಬಿಳಿ ಮೇಲೆ ಕೆಂಪು, ರಸ್ತೆಯಿಂದಲೇ ಎದ್ದು ಕಾಣುತ್ತೆ.

ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿ ಒಬ್ಬರೇ ಇದ್ದಾರೆ. ನಾವು ಸಾಮಾನು ಇಳಿಸಿದ ದಿನ ಒಂದು ಹೂವಿನ ಕುಂಡ ತಂದುಕೊಟ್ಟು ಹೋಗಿದ್ದರು. ಗೃಹಪ್ರವೇಶ ಆದಮೇಲೆ ಮಾತಿಲ್ಲ. ಕೈ ಬೀಸಿದರೆ ನೋಡದ ಹಾಗೆ ಒಳಗೆ ಹೋಗುತ್ತಾರೆ. ಅವರು ಯಹೂದಿ ಅಂತ ನನಗೆ ಗೊತ್ತಾಗಿದ್ದೇ ಆಮೇಲೆ.

ಇದರ ಮಧ್ಯೆ ಮಗನ ಶಾಲೆಯಿಂದ ಇಮೇಲ್. ಹುಡುಗರ ಟಾಯ್ಲೆಟ್ ಗೋಡೆಯಲ್ಲಿ ಯಾರೋ ಸ್ವಸ್ತಿಕ ಕೆತ್ತಿದ್ದಾರಂತೆ, ಇದು ದ್ವೇಷದ ಗುರುತು, ಸಹಿಸೋದಿಲ್ಲ ಅಂತ ಪ್ರಿನ್ಸಿಪಾಲ್ ಬರೆದಿದ್ದಾರೆ. ಮಗ ಅದನ್ನ ಓದಿ, "ಅಮ್ಮಾ, ನಮ್ಮ ಬಾಗಿಲಲ್ಲಿ ಇರೋದೇ ಅಲ್ವಾ ಇದು?" ಅಂದ. ನನಗೆ ಮಾತೇ ಬರಲಿಲ್ಲ.

ಮುಂದಿನ ವಾರ ಅಪ್ಪ ಅಮ್ಮಂದಿರಿಗೆ ಶಾಲೆಯಲ್ಲಿ ಒಂದು ಸಂಜೆ ಕಾರ್ಯಕ್ರಮ ಇದೆ. ಇಲ್ಲಿನ ಯಹೂದಿ ಸಮುದಾಯ ಸಂಪರ್ಕ ಮಂಡಳಿಯವರು ಬಂದು ಮಾತಾಡುತ್ತಾರಂತೆ. ಹೋಗಬೇಕಾ? ಸ್ವಸ್ತಿಕ ಅಳಿಸಬೇಕಾ? ಅಜ್ಜಿ ಹತ್ತಿರ ಹೇಗೆ ಮಾತು ಶುರು ಮಾಡಲಿ? ಯಜಮಾನರು "ಸುಮ್ನೆ ಇರು, ಮಳೆಗೆ ತಾನಾಗೇ ಹೋಗುತ್ತೆ" ಅಂತಾರೆ. ಅತ್ತೆ ವಾಟ್ಸಾಪಿನಲ್ಲಿ "ಅಳಿಸಿದರೆ ಅಪಶಕುನ" ಅಂತಾರೆ.

ದುರ್ಗದ_ಕಲ್ಲು:

ಏನೂ ಅಳಿಸಬೇಡಿ ಅಕ್ಕಾ. ಸಾವಿರಾರು ವರ್ಷದಿಂದ ನಮ್ಮದು ಅದು. ಹಿಟ್ಲರ್ ಕದ್ದ ಅಂತ ನಾವು ಯಾಕೆ ಮನೆ ಬಾಗಿಲು ತೊಳೀಬೇಕು? ನಮ್ಮದು ತಿರುಗೋ ದಿಕ್ಕೇ ಬೇರೆ, ಅವನದು ಉಲ್ಟಾ. ಗೊತ್ತಿಲ್ಲದವರು ಗೂಗಲ್ ಮಾಡಿಕೊಳ್ಳಲಿ.

ಮಿಸ್ಸೌರಿ_ಮೇಷ್ಟ್ರು:

ಮೊದಲು ಆ ದಿಕ್ಕಿನ ಕಥೆ ಬಿಡಿ. ವಾಟ್ಸಾಪಿನಲ್ಲಿ ಓಡಾಡೋ ತಪ್ಪು ಅದು. ನಮ್ಮನೆ ದೇವರ ಕೋಣೆಯಲ್ಲಿರೋದೂ ಬಲಕ್ಕೆ, ನಾಜಿಗಳದ್ದೂ ಬಲಕ್ಕೆ. ಅವರು ಸಾಮಾನ್ಯವಾಗಿ ಓರೆಯಾಗಿ ನಿಲ್ಲಿಸುತ್ತಿದ್ದರು, ಕೆಂಪು ಬಟ್ಟೆ, ಬಿಳಿ ವೃತ್ತ, ಒಳಗೆ ಕಪ್ಪು. ನಮ್ಮದು ನೆಟ್ಟಗಿರುತ್ತೆ, ನಾಲ್ಕು ಚುಕ್ಕಿ ಇರುತ್ತೆ. ಸರಿ. ಆದರೆ ಮುಸ್ಸಂಜೆಯಲ್ಲಿ ರಸ್ತೆ ಆಚೆಯಿಂದ ನೋಡಿ ಗಾಬರಿಯಾದ ಅಜ್ಜಿ ಚುಕ್ಕಿ ಎಣಿಸುತ್ತಾ ನಿಲ್ಲುತ್ತಾರಾ?

ನಾನು ಸೇಂಟ್ ಲೂಯಿಸ್ ಕಡೆ ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ನೀವು ಹೇಳಿದಂಥ ಮಂಡಳಿ, ಇಲ್ಲಿ ಎಲ್ಲರೂ ಜೆಸಿಆರ್‌ಸಿ ಅಂತಾರೆ, ಅಮೆರಿಕದ ಸುಮಾರು ದೊಡ್ಡ ಊರುಗಳಲ್ಲಿ ಇದೆ. ಚರ್ಚು, ಮಸೀದಿ, ದೇವಸ್ಥಾನ, ಸ್ಕೂಲ್ ಬೋರ್ಡು, ಪೊಲೀಸರು ಎಲ್ಲರ ಜೊತೆ ಮೊದಲೇ ಪರಿಚಯ ಇಟ್ಟುಕೊಂಡಿರೋದೇ ಇವರ ಕೆಲಸ. ಏನಾದರೂ ಆದ ದಿನ ಮೊದಲ ಸಲ ಫೋನ್ ಮಾಡಿದರೆ ಯಾರು ಎತ್ತುತ್ತಾರೆ ಹೇಳಿ. ಸೇಂಟ್ ಲೂಯಿಸ್‌ನವರು 1992ರಲ್ಲಿ ಸ್ಟೂಡೆಂಟ್ ಟು ಸ್ಟೂಡೆಂಟ್ ಅಂತ ಒಂದು ಶುರು ಮಾಡಿದರು. ಹೈಸ್ಕೂಲಿನ ಯಹೂದಿ ಹುಡುಗ ಹುಡುಗಿಯರು ಮೂರ್ನಾಲ್ಕು ಜನ, ಯಹೂದಿಗಳೇ ಹೆಚ್ಚಿಲ್ಲದ ಶಾಲೆಗೆ ಹೋಗಿ, ತಮ್ಮ ವಯಸ್ಸಿನವರ ಎದುರೇ ಕೂತು ಮಾತಾಡುತ್ತಾರೆ. ನನ್ನ ಕ್ಲಾಸಿಗೂ ಬಂದಿದ್ದಾರೆ. ಒಬ್ಬಳು ಶುಕ್ರವಾರ ಸಂಜೆ ಹಚ್ಚೋ ದೀಪದ ಕಂಬ ತಂದಿದ್ದಳು, ಇನ್ನೊಬ್ಬ ಜಡೆ ಹೆಣೆದ ಹಾಗಿರೋ ಖಾಲಾ ಬ್ರೆಡ್ಡು. ಬ್ರೆಡ್ಡು ಖಾಲಿಯಾದ ಮೇಲೇ ನಮ್ಮ ಹುಡುಗರು ಬಾಯಿ ಬಿಟ್ಟಿದ್ದು. ಕ್ರಿಸ್ಮಸ್‌ಗೆ ನಿಮಗೆ ಬೇಜಾರಾಗಲ್ವಾ? ಹಂದಿ ಯಾಕೆ ತಿನ್ನಲ್ಲ? ಕೊನೆಗೆ ಒಬ್ಬ ಕೇಳೇಬಿಟ್ಟ, ನೀವೆಲ್ಲ ಶ್ರೀಮಂತರಂತೆ, ನಿಜಾನಾ? ಆ ಹುಡುಗಿ ನಕ್ಕು, ಅಪ್ಪನ ಹಳೇ ಕಾರಿನ ಕಥೆ ಹೇಳಿದಳು. ಡ್ರೈವರ್ ಕಡೆ ಬಾಗಿಲು ತೆಗೆಯೋಕೇ ಆಗಲ್ಲ, ಪಕ್ಕದ ಸೀಟಿನ ಕಡೆಯಿಂದ ಹತ್ತಬೇಕಂತೆ. ಆಮೇಲೆ ನಾನು ಹಿಸ್ಟರಿ ಸೇರಿಸಿದೆ. ಮಧ್ಯಯುಗದ ಯುರೋಪಿನ ಎಷ್ಟೋ ಕಡೆ ಅವರಿಗೆ ಜಮೀನು ಕೊಡುತ್ತಿರಲಿಲ್ಲ, ಕಸುಬಿನ ಸಂಘಕ್ಕೆ ಸೇರಿಸುತ್ತಿರಲಿಲ್ಲ, ಕ್ರೈಸ್ತರು ಬಡ್ಡಿ ತಗೋಬಾರದು ಅಂತ ಚರ್ಚು ಹೇಳಿತ್ತು, ಹಾಗಾಗಿ ಸಾಲ ಕೊಡೋ ಕೆಲಸ ಇವರ ಪಾಲಿಗೆ ಬಂತು, ಕೊಟ್ಟ ಮೇಲೆ ಬಡ್ಡಿಕೋರರು ಅಂತ ಬೈಸಿಕೊಂಡರು. ನನ್ನ ಪಾಠ ಎಷ್ಟು ಜನಕ್ಕೆ ನೆನಪಿದೆಯೋ, ಕಾರಿನ ಕಥೆ ಮಾತ್ರ ಎಲ್ಲರಿಗೂ ನೆನಪಿದೆ.

ಇನ್ನೊಂದು. ನಾನು ಮೊದಲು ಕಾನ್ಸಾಸ್‌ನ ಓವರ್‌ಲ್ಯಾಂಡ್ ಪಾರ್ಕಿನಲ್ಲಿ ಇದ್ದೆ. 2014ರ ಏಪ್ರಿಲ್‌ನಲ್ಲಿ ಒಬ್ಬ ನಾಜಿ ತಲೆಯವನು ಯಹೂದಿಗಳನ್ನ ಕೊಲ್ಲಬೇಕು ಅಂತಲೇ ಅಲ್ಲಿನ ಯಹೂದಿ ಸಮುದಾಯ ಭವನಕ್ಕೆ ಬಂದು, ಆಮೇಲೆ ಹತ್ತಿರದ ವೃದ್ಧರ ಮನೆಗೂ ಹೋಗಿ, ಒಟ್ಟು ಮೂವರನ್ನ ಕೊಂದ. ಮೂವರಲ್ಲಿ ಒಬ್ಬರೂ ಯಹೂದಿ ಅಲ್ಲ. ಮೂರು ವರ್ಷಕ್ಕೆ ಪಕ್ಕದ ಊರು ಓಲಾಥೆಯಲ್ಲಿ ನಮ್ಮ ಭಾರತದ ಎಂಜಿನಿಯರ್ ಒಬ್ಬರನ್ನ, ನನ್ನ ದೇಶ ಬಿಟ್ಟು ಹೋಗು ಅಂತ ಕೂಗಿ ಬಾರಿನಲ್ಲಿ ಗುಂಡಿಟ್ಟು ಕೊಂದರು. ಪಿಟ್ಸ್‌ಬರ್ಗಿನ ಟ್ರೀ ಆಫ್ ಲೈಫ್ ಸಿನಗಾಗ್‌ನಲ್ಲಿ (ಯಹೂದಿಗಳ ಪ್ರಾರ್ಥನಾ ಮಂದಿರ) 2018ರ ಅಕ್ಟೋಬರ್ 27ಕ್ಕೆ 11 ಜನರನ್ನ ಕೊಂದವನ ಸಿಟ್ಟು ಏನು ಗೊತ್ತಾ? ಯಹೂದಿ ಸಂಸ್ಥೆಯೊಂದು ನಿರಾಶ್ರಿತರನ್ನ ಅಮೆರಿಕಕ್ಕೆ ಕರೆತರುತ್ತೆ ಅನ್ನೋದು. ಅಂದರೆ ಹೊರಗಿಂದ ಬಂದ ನಮ್ಮಂಥವರ ಮೇಲಿನ ಸಿಟ್ಟೂ ಅದರಲ್ಲಿ ಇದೆ. ಹಾಗಾಗಿ ಕಾರ್ಯಕ್ರಮಕ್ಕೆ ಹೋಗಿ ಅಮ್ಮಾ. ಬೇರೆಯವರ ಮನೆ ವಿಷಯ ಅಂದುಕೊಳ್ಳಬೇಡಿ.

ಯಾರಾ_ದಂಡೆ:

ಮೆಲ್ಬೋರ್ನ್‌ನಿಂದ ಬರೆಯುತ್ತಿದ್ದೇನೆ. ಇಲ್ಲಿ ವಿಕ್ಟೋರಿಯಾ ರಾಜ್ಯ 2022ರಲ್ಲಿ ನಾಜಿ ಚಿಹ್ನೆಯನ್ನ ಸಾರ್ವಜನಿಕವಾಗಿ ತೋರಿಸೋದು ಅಪರಾಧ ಅಂತ ಕಾನೂನು ತಂದಿತು. ಆಗ ಒಂದು ವರ್ಷದವರೆಗೆ ಜೈಲು ಅಂತ ಇಟ್ಟರು. ಕಾನೂನಿನಲ್ಲಿ ಅದಕ್ಕೆ ಇಟ್ಟ ಹೆಸರು ಹಾಕೆನ್‌ಕ್ರಾಯ್ಟ್ಸ್, ಜರ್ಮನ್ ಪದ, ಕೊಕ್ಕೆ ಶಿಲುಬೆ ಅಂತ ಅರ್ಥ. ಹಿಂದೂ, ಬೌದ್ಧ, ಜೈನರ ಸ್ವಸ್ತಿಕಕ್ಕೆ ವಿನಾಯಿತಿ ಇದೆ. ಕಾನೂನು ಜಾರಿಯಾಗೋ ಮುಂಚೆ ಎರಡರ ವ್ಯತ್ಯಾಸ ತಿಳಿಸೋ ಪ್ರಚಾರಕ್ಕೆ ಅಂತಲೇ ಸಮಯ ಇಟ್ಟಿದ್ದರು. ಯಹೂದಿ ಸಂಘಗಳೂ ಹಿಂದೂ ಸಂಘಗಳೂ ಕೂತು ಮಾತಾಡಿದ್ದರಿಂದ ಇಷ್ಟು ಸಲೀಸಾಯಿತು. ಕ್ಯಾಲಿಫೋರ್ನಿಯಾ ಕೂಡ ಅದೇ ವರ್ಷ ತನ್ನ ಕಾನೂನಿನಲ್ಲಿ ಈ ವ್ಯತ್ಯಾಸ ಬರೆದುಕೊಂಡಿದೆ. ಅದಕ್ಕೂ ಮೊದಲೇ, 2008ರಲ್ಲಿ ಜೆರುಸಲೇಮಿನಲ್ಲಿ ಹಿಂದೂ ಆಚಾರ್ಯರೂ ಯಹೂದಿ ರಬ್ಬಿಗಳೂ ಸೇರಿದಾಗ, ಸ್ವಸ್ತಿಕ ಹಿಂದೂಗಳಿಗೆ ಮಂಗಳದ ಗುರುತು, ನಾಜಿಗಳು ಅದನ್ನ ಕೆಡಿಸಿದರು ಅಂತ ಜಂಟಿಯಾಗಿ ಹೇಳಿದ್ದರು. ನಿಮ್ಮ ಪ್ರಿನ್ಸಿಪಾಲರಿಗೆ ಇದನ್ನೆಲ್ಲ ಎರಡು ಸಾಲಲ್ಲಿ ಬರೆದು, ಮುಂದಿನ ಸಲ ನಾಜಿ ಚಿಹ್ನೆ ಅಂತ ಬರೀರಿ ಅಂತ ಕೇಳಿ. ಜಗಳದ ದನಿ ಬೇಡ. ಟಾಯ್ಲೆಟ್ ಗೋಡೆ ನೋಡಿ ಹೆದರಿದ ಮಕ್ಕಳ ವಿಷಯ ಮೊದಲ ಸಾಲಲ್ಲಿರಲಿ, ನಮ್ಮ ಪದದ ವಿಷಯ ಎರಡನೇದರಲ್ಲಿ.

ದುರ್ಗದ_ಕಲ್ಲು:

ಎಲ್ಲಾ ಸರಿ ಮೇಷ್ಟ್ರೇ. ಆದರೆ ಇಸ್ರೇಲ್ ಗಾಜಾದಲ್ಲಿ ಮಾಡಿದ್ದನ್ನ ಯಾರಾದರೂ ಕೇಳಿದರೆ ತಕ್ಷಣ ಯಹೂದಿದ್ವೇಷಿ ಅಂತಾರಲ್ಲ, ಅದಕ್ಕೇನಂತೀರಿ?

ಮಲ್ಲೇಶ್ವರದ_ಹಿಸ್ಟರಿ_ಮಿಸ್ಸು:

ಕೇಳಬೇಕಾದ ಪ್ರಶ್ನೆಯೇ. ಕೆಲವರು ಹಾಗೆ ಅಂತಾರೆ ಕೂಡ. ಆದರೆ ನೀವು ಕಾವೇರಿ ಗಲಾಟೆ ನೋಡಿದ್ದೀರಾ? 1991ರಲ್ಲಿ ನಾನು ಕಾಲೇಜು. ನೀರು ಬಿಡಿ ಅಂದಿದ್ದು ಟ್ರಿಬ್ಯುನಲ್ಲು, ಏಟು ಬಿದ್ದಿದ್ದು ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ತಮಿಳು ಕೂಲಿಯವರಿಗೆ. ತಮಿಳುನಾಡು ಸರ್ಕಾರವನ್ನ ಎಷ್ಟು ಬೇಕಾದರೂ ಬೈಯಿರಿ, ಅದು ರಾಜಕೀಯ. ನಿಮ್ಮ ಬೀದಿ ಸೆಲ್ವಂ ಅಂಗಡಿಗೆ ಕಲ್ಲು ಹೊಡೆದರೆ ಅದು ಬೇರೆ. ಇಸ್ರೇಲಿನ ಪ್ರಧಾನಿಯನ್ನ ಟೀಕಿಸೋದಕ್ಕೂ, ಜೆರ್ಸಿಯ ಅಜ್ಜಿ ಜವಾಬು ಕೊಡಲಿ ಅನ್ನೋದಕ್ಕೂ ಅಷ್ಟೇ ಅಂತರ.

ನನಗೆ ಬೇಜಾರಾಗೋದು ನಮ್ಮ ಕಡೆಯದೇ ಒಂದು ವಿಷಯ. ಸ್ವಸ್ತಿಕಕ್ಕೂ ಹಿಟ್ಲರ್‌ಗೂ ಸಂಬಂಧ ಇಲ್ಲ ಅಂತ ಎದೆ ತಟ್ಟಿ ಹೇಳುತ್ತೇವೆ. ಇತ್ತ ಸ್ಟ್ರಿಕ್ಟ್ ಹೆಡ್‌ಮಾಸ್ಟರಿಗೆ ಪ್ರೀತಿಯಿಂದ ಹಿಟ್ಲರ್ ಅಂತ ಹೆಸರಿಡುತ್ತೇವೆ. ಅವನ ಆತ್ಮಕಥೆ ಮೆಜೆಸ್ಟಿಕ್ ಫುಟ್‌ಪಾತಿನಲ್ಲಿ ವ್ಯಕ್ತಿತ್ವ ವಿಕಸನದ ಪುಸ್ತಕಗಳ ಪಕ್ಕ ಮಾರಾಟಕ್ಕೆ ಇರುತ್ತೆ. 2006ರಲ್ಲಿ ಮುಂಬೈ ಕಡೆ ಒಂದು ಹೋಟೆಲಿಗೆ ಅವನ ಹೆಸರು ಇಟ್ಟು, ಅಲ್ಲಿನ ಯಹೂದಿಗಳು ಹೋಗಿ ಮಾತಾಡಿದ ಮೇಲೆ ಬದಲಾಯಿಸಿದರು. ನನ್ನ ಕ್ಲಾಸಲ್ಲಿ ಒಬ್ಬ, "ಮಿಸ್, ಅವನಿಗೆ ಡಿಸಿಪ್ಲಿನ್ ಇತ್ತು" ಅಂದ. ಒಳ್ಳೇ ಹುಡುಗ, ದ್ವೇಷ ಏನಿಲ್ಲ. ಗೊತ್ತಿಲ್ಲ, ಅಷ್ಟೇ. ನಾಜಿಗಳು ಕೊಂದ ಯಹೂದಿಗಳು 60 ಲಕ್ಷ ಅನ್ನೋ ಸಂಖ್ಯೆ ಬೋರ್ಡ್ ಮೇಲೆ ಬರೆದರೆ ಅವನಿಗೆ ಏನೂ ಆಗಲ್ಲ. ಅದಕ್ಕೆ ನಾನು ಮಲ್ಲೇಶ್ವರದಿಂದ ನಡೆದು ಹೋಗಬಹುದಾದ ಜಾಗದಿಂದ ಶುರು ಮಾಡುತ್ತೇನೆ. ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ. ಜರ್ಮನಿಯ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, ಮುಂದೆ 1954ರಲ್ಲಿ ನೊಬೆಲ್ ಬಂತು, ಅವರನ್ನ ಯಹೂದಿ ಅಂತ 1933ರಲ್ಲಿ ಕೆಲಸದಿಂದ ಹೊರಗೆ ಹಾಕಿದರು. ಸಿ.ವಿ. ರಾಮನ್ 1935ರಲ್ಲಿ ಬಾರ್ನ್ ಅವರನ್ನ ಇಲ್ಲಿಗೆ ಕರೆಸಿ, ಕಾಯಂ ಮಾಡೋಕೆ ನೋಡಿದರು. ಸಭೆಯಲ್ಲಿ ಒಬ್ಬ ಇಂಗ್ಲಿಷ್ ಪ್ರೊಫೆಸರ್ ಎದ್ದು, ಬಾರ್ನ್ ಎದುರೇ, ಸ್ವಂತ ದೇಶದವರೇ ಓಡಿಸಿದ ಎರಡನೇ ದರ್ಜೆಯವನು ನಮಗ್ಯಾಕೆ ಅನ್ನೋ ಅರ್ಥದಲ್ಲಿ ಮಾತಾಡಿದ. ಬಾರ್ನ್ ಮನೆಗೆ ಹೋಗಿ ಹೆಂಡತಿ ಮುಂದೆ ಅತ್ತರಂತೆ, ಅವರೇ ಬರೆದುಕೊಂಡಿದ್ದಾರೆ. ಇಷ್ಟು ಹೇಳಿದರೆ ಕ್ಲಾಸು ಗಪ್‌ಚಿಪ್. ಸ್ಕೂಟರಿನಲ್ಲಿ ದಿನಾ ಆ ಗೇಟು ದಾಟೋ ಮಕ್ಕಳು ಅವರು.

ಜೆರ್ಸಿ_ಸೊಸೆ, ಅಜ್ಜಿ ಮನೆಗೆ ಹೋಗುವಾಗ ಅಡುಗೆ ಮಾಡಿ ತಗೊಂಡು ಹೋಗಬೇಡಿ. ಕೋಷರ್ (ಯಹೂದಿಗಳ ಊಟದ ನಿಯಮ) ಪಾಲಿಸೋರಾದರೆ ನಮ್ಮ ಪಾತ್ರೆಯದು ತಿನ್ನೋಕಾಗಲ್ಲ, ಬೇಡ ಅನ್ನೋಕೂ ಸಂಕೋಚ. ಮಡಿ ನೋಡಿದವರು ನಾವು, ನಮಗೆ ಹೇಳಿಕೊಡಬೇಕಾ. ಕತ್ತರಿಸದ ಹಣ್ಣು ಸಾಕು.

ಜೆರ್ಸಿ_ಸೊಸೆ:

ಹೋಗಿ ಬಂದೆ. ಬಾಳೆಹಣ್ಣು, ಕಿತ್ತಳೆ ಒಂದು ಚೀಲದಲ್ಲಿ. ಕಾಲು ನಡುಗುತ್ತಿತ್ತು ನಿಜ ಹೇಳಬೇಕೆಂದರೆ. ಬಾಗಿಲು ತೆಗೆದರು, ಆದರೆ ಸರಪಳಿ ಹಾಕಿಕೊಂಡೇ. ನಾನು ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. "ನಮ್ಮ ಬಾಗಿಲ ಗುರುತು ನೋಡಿ ನಿಮಗೆ ನೋವಾಗಿದ್ದರೆ, ಅದು ನಮ್ಮ ದೇವರದು" ಅಂತ ಏನೋ ತೊದಲಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಸರಪಳಿ ತೆಗೆದರು. ಅದು ಹಿಂದೂಗಳದ್ದು ಅಂತ ಅವರಿಗೆ ಗೊತ್ತಿತ್ತಂತೆ. ಮಗಳು ಫೋನಿನಲ್ಲಿ ಹೇಳಿದ್ದಳಂತೆ. "ತಲೆಗೆ ಗೊತ್ತು. ಬೆಳಿಗ್ಗೆ ಪೇಪರ್ ತರೋಕೆ ಹೊರಗೆ ಬಂದಾಗ ಹೊಟ್ಟೆಗೆ ಗೊತ್ತಾಗಲ್ಲ" ಅಂದರು. ಅವರ ಅಮ್ಮನ ಕಡೆಯವರು ಪೋಲೆಂಡಿನಲ್ಲೇ ಉಳಿದವರಂತೆ. ನಾನು ಮುಂದೆ ಕೇಳಲಿಲ್ಲ.

ಅವರ ಬಾಗಿಲ ಬಲಗಡೆ ಚೌಕಟ್ಟಿಗೆ ಬೆರಳುದ್ದದ ಡಬ್ಬಿ ಓರೆಯಾಗಿ ಹೊಡೆದಿದೆ. ನಾನು ಕಾಲಿಂಗ್ ಬೆಲ್ ಅಂದುಕೊಂಡು ಅದನ್ನೇ ಒತ್ತಿದ್ದೆ, ನಗಬೇಡಿ. ಮೆಝೂಝಾ ಅಂತೆ. ಒಳಗೆ ಚರ್ಮದ ಸುರುಳಿಯಲ್ಲಿ ಕೈಯಲ್ಲಿ ಬರೆದ ಮಂತ್ರ. ಹೋಗುವಾಗ ಬರುವಾಗ ಮುಟ್ಟಿ ಬೆರಳಿಗೆ ಮುತ್ತಿಡುತ್ತಾರೆ. 2023ರ ಅಕ್ಟೋಬರ್‌ನಲ್ಲಿ ಇಸ್ರೇಲ್ ಮೇಲೆ ಹಮಾಸ್ ದಾಳಿ ಆದಮೇಲೆ ಮಗಳು ಇದನ್ನ ಒಳಗಡೆ ಹಾಕಮ್ಮ ಅಂತ ಹಟ ಮಾಡಿದ್ದಳಂತೆ, ಇವರು ಕೇಳಲಿಲ್ಲ.

ಸ್ವಸ್ತಿಕ ಅಳಿಸಿ ಅಂತ ಅವರು ಹೇಳಲಿಲ್ಲ. ನಾನೇ ರಾತ್ರಿ ಒರೆಸಿ, ದೇವರ ಕೋಣೆ ಬಾಗಿಲಿಗೆ ಹಾಕಿದೆ. ಹೊರಗೆ ಅರಿಶಿನದಲ್ಲಿ ಓಂ ಬರೆದೆ. ಅತ್ತೆಗೆ ಇನ್ನೂ ಹೇಳಿಲ್ಲ, ದುರ್ಗದ ತಮ್ಮನಿಗೂ ಸಿಟ್ಟು ಬರುತ್ತೆ ಅಂತ ಗೊತ್ತು, ಬರಲಿ. ಪ್ರಿನ್ಸಿಪಾಲರಿಗೆ ಯಾರಾ_ದಂಡೆಯವರು ಹೇಳಿದ ಹಾಗೇ ಬರೆದೆ. ಬುಧವಾರ ಬನ್ನಿ, ಐದು ನಿಮಿಷ ನೀವೂ ಮಾತಾಡಿ ಅಂತ ಉತ್ತರ ಬಂದಿದೆ. ಅಜ್ಜಿನ ನನ್ನ ಕಾರಿನಲ್ಲೇ ಕರೆದುಕೊಂಡು ಹೋಗುತ್ತಿದ್ದೇನೆ. ಮೇಷ್ಟ್ರೇ, ಐದು ನಿಮಿಷಕ್ಕೆ ಏನು ಹೇಳಲಿ? ದೇವರ ಮನೆಯಿಂದ ಏನಾದರೂ ತಗೊಂಡು ಹೋಗಲಾ?