ಪದಚರ್ಚೆ: ಮಗುವಿನ ಭೇದಿಗೆ ನಿಮ್ಮ ಕಡೆ ಏನೇನು ಹೆಸರು?

ಬಳಗದ ಎಲ್ಲರಿಗೂ ನಮಸ್ಕಾರ.

ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಓದಲೆಂದು ಒಂದು ಸಣ್ಣ ಪುಸ್ತಿಕೆ ಬರೆಯುತ್ತಿದ್ದೇನೆ. 1980ರಿಂದ 1990ರವರೆಗೆ ಬಾಂಗ್ಲಾದೇಶದ ಹಳ್ಳಿಗಳಲ್ಲಿ ಬ್ರ್ಯಾಕ್ ಎಂಬ ಸ್ವಯಂಸೇವಾ ಸಂಸ್ಥೆಯ ಹೆಣ್ಣುಮಕ್ಕಳು ಮನೆಮನೆಗೆ ಹೋಗಿ, ಉಪ್ಪು-ಬೆಲ್ಲದ ನೀರು ಮಾಡುವುದನ್ನು ತಾಯಂದಿರಿಗೆ ಕಲಿಸಿದ ಕತೆ ಅದರ ತಿರುಳು. ಬರೆಯುತ್ತ ಹೋದಂತೆ ಕೆಲವು ಪದಗಳ ಹತ್ತಿರ ಕೈ ನಿಂತಿದೆ. ನಿಘಂಟಿನಲ್ಲಿ ಅರ್ಥವೇನೋ ಇದೆ. ಆದರೆ ಆ ಪದವನ್ನು ಮನೆಯಲ್ಲಿ ಯಾವುದಕ್ಕೆ ಹೇಳುತ್ತಾರೆ, ಯಾವುದಕ್ಕೆ ಹೇಳುವುದಿಲ್ಲ ಎಂಬುದನ್ನು ನಿಮ್ಮಂಥವರನ್ನೇ ಕೇಳಬೇಕು.

ಮೊದಲು ಹಿನ್ನೆಲೆ. ವಾಂತಿಭೇದಿಯಲ್ಲಿ ಮಗುವಿನ ಜೀವಕ್ಕೆ ಕುತ್ತು ತರುವುದು ಮೈಯಿಂದ ಹೊರಟುಹೋಗುವ ನೀರು ಮತ್ತು ಉಪ್ಪು. ಬರೀ ನೀರು ಕುಡಿಸಿದರೆ ಸಾಲದು; ಸಕ್ಕರೆ ಮತ್ತು ಉಪ್ಪು ಹದವಾಗಿ ಜೊತೆಗೂಡಿದರೆ ಕರುಳು ಎರಡನ್ನೂ ಒಟ್ಟಿಗೆ ಒಳಗೆಳೆದುಕೊಳ್ಳುತ್ತದೆ, ಅವುಗಳ ಹಿಂದೆಯೇ ನೀರೂ ಹೋಗುತ್ತದೆ. ಢಾಕಾದ ಕಾಲರಾ ಸಂಶೋಧನಾಲಯದಲ್ಲಿ 1968ರಲ್ಲಿ ಡೇವಿಡ್ ನೇಲಿನ್ ಮತ್ತು ರಿಚರ್ಡ್ ಕ್ಯಾಶ್ ಇದನ್ನು ರೋಗಿಗಳಿಗೆ ಕುಡಿಸಿ ತೋರಿಸಿದರು. 1971ರ ಯುದ್ಧದ ಹೊತ್ತಿಗೆ ಗಡಿಯ ಈಚೆ ಬನ್‌ಗಾಂವ್ ನಿರಾಶ್ರಿತರ ಶಿಬಿರದಲ್ಲಿ ಸಲೈನ್ ಮುಗಿದುಹೋದಾಗ, ಡಾ. ದಿಲೀಪ್ ಮಹಲನೋಬಿಸ್ ಡ್ರಮ್ಮುಗಳಲ್ಲಿ ಈ ನೀರು ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಸುಮಾರು 30 ಇದ್ದ ಸಾವು 4ಕ್ಕೂ ಕೆಳಗಿಳಿಯಿತು. ಡಾಕ್ಟರು, ಸೂಜಿ, ಬಾಟಲಿ ಯಾವುದೂ ಇಲ್ಲದ ಕಡೆಯೂ ತಾಯಿಯೊಬ್ಬಳು ತನ್ನ ಮಗುವನ್ನು ಉಳಿಸಿಕೊಳ್ಳಬಹುದು ಎಂಬುದು ಅಲ್ಲಿ ಕಂಡಿತು.

ಫಜ್ಲೆ ಹಸನ್ ಅಬೆದ್ 1972ರಲ್ಲಿ ಕಟ್ಟಿದ ಬ್ರ್ಯಾಕ್ ಇದನ್ನೇ ಹಿಡಿದುಕೊಂಡಿತು. ನೀರಿಗೆ ಬೆರೆಸುವ ಉಪ್ಪು-ಸಕ್ಕರೆಯ ಪುಡಿಯ (ಓಆರ್‌ಎಸ್) ಪೊಟ್ಟಣ ಸಿಗದ ಊರುಗಳಿಗೆ ಅಡುಗೆಮನೆಯ ಸಾಮಾನಿನಲ್ಲೇ ಆಗುವ ಅಳತೆ: ಮೂರು ಬೆರಳಲ್ಲಿ ಹಿಡಿದಷ್ಟು ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಹತ್ತು ವರ್ಷದಲ್ಲಿ 1.2 ಕೋಟಿಗೂ ಹೆಚ್ಚು ಮನೆಗಳಲ್ಲಿ ಕಲಿಸಿದರು. ಕಲಿಸಿ ಬಂದ ಮೇಲೆ ಬೇರೆಯವರು ಕೆಲವು ಮನೆಗಳನ್ನು ಆಯ್ದುಕೊಂಡು ಹೋಗಿ, ತಾಯಿಗೆ ಎಷ್ಟು ನೆನಪಿದೆ, ಬೆರೆಸಿದ ನೀರಿನ ಹದ ಸರಿಯಿದೆಯೇ ಎಂದು ನೋಡುತ್ತಿದ್ದರು. ಕಲಿಸಿದವಳ ಸಂಬಳ ನಿಂತಿದ್ದು ಅದರ ಮೇಲೆ. ಎಷ್ಟು ಮನೆ ಸುತ್ತಿದಳು ಎನ್ನುವುದಕ್ಕಿಂತ ತಾಯಿಯ ತಲೆಯಲ್ಲಿ ಏನು ಉಳಿಯಿತು ಎಂಬುದಕ್ಕೆ ಬೆಲೆ. ಈ ಏರ್ಪಾಟನ್ನು ನಾನು ತುಂಬ ಮೆಚ್ಚುತ್ತೇನೆ.

ಈಗ ನಮ್ಮ ವಿಷಯಕ್ಕೆ ಬರುತ್ತೇನೆ. ತಾಯಂದಿರು ಕಲಿತರು, ಕೇಳಿದರೆ ಸರಿಯಾಗಿ ಹೇಳುತ್ತಿದ್ದರು, ಆದರೂ ಮಗುವಿಗೆ ಹೊಟ್ಟೆ ಕೆಟ್ಟಾಗ ಎಲ್ಲರೂ ಮಾಡಿ ಕುಡಿಸುತ್ತಿರಲಿಲ್ಲ. ಏಕೆಂದು ಹುಡುಕಿದಾಗ ಸಿಕ್ಕ ಕಾರಣಗಳಲ್ಲಿ ಒಂದು ಪದದ್ದು. ಡಾಕ್ಟರ ಲೆಕ್ಕದಲ್ಲಿ ಒಂದೇ ಆದದ್ದಕ್ಕೆ ಬಂಗಾಳಿ ತಾಯಂದಿರಲ್ಲಿ ನಾಲ್ಕು ಹೆಸರಿತ್ತು. ಮೊಲೆ ಕುಡಿಯುವ ಕೂಸಿಗೆ, ತಾಯಿಯ ಹಾಲು ಕೆಟ್ಟು ಬಂತೆಂದು ಅವರು ನಂಬಿದ್ದು ‘ದೂಧ್ ಹಾಗಾ’. ತಿಂದದ್ದು ಅರಗದೆ ಆದದ್ದು ‘ಅಜೀರ್ಣ’. ಲೋಳೆ ಬೀಳುವುದು ‘ಆಮಾಶಾ’. ನೀರಿನಂತೆ ಸುರಿದು ಮೈ ತಣ್ಣಗಾಗಿಸುವ, ಕಾಲರಾದಂಥದ್ದು ಮಾತ್ರ ‘ಡಾಯರಿಯಾ’. ಕಾರ್ಯಕರ್ತೆ ‘ಡಾಯರಿಯಾಕ್ಕೆ ಈ ನೀರು ಕೊಡಿ’ ಎಂದಳು. ತಾಯಿ ಕೇಳಿಸಿಕೊಂಡಿದ್ದು ಆ ನಾಲ್ಕರಲ್ಲಿ ಒಂದನ್ನು. ಉಳಿದ ಮೂರಕ್ಕೆ ಅವಳಲ್ಲಿ ಬೇರೆ ಉಪಾಯಗಳಿದ್ದವು: ಪಥ್ಯ, ತಾಯತ, ಹಾಲು ಬಿಡಿಸುವುದು.

ಇದನ್ನು ಓದಿದ ಮೇಲೆ ನಮ್ಮ ಕರಪತ್ರಗಳ ಭಾಷೆ ನನ್ನನ್ನು ಕಾಡುತ್ತಿದೆ. ಅಲ್ಲಿ ಬರುವ ಪದ ‘ಅತಿಸಾರ’, ಇಲ್ಲವೇ ‘ಅತಿಸಾರ ಭೇದಿ’. ಅತಿಸಾರ ವೈದ್ಯಗ್ರಂಥದ ಪದ. ಆಯುರ್ವೇದ ಬಲ್ಲವರ ಮನೆ ಬಿಟ್ಟರೆ ಮಾತಿನಲ್ಲಿ ನಾನು ಕೇಳಿಲ್ಲ. ‘ಭೇದಿ’ ಎಲ್ಲರಿಗೂ ಗೊತ್ತು. ಆದರೆ ಹಳೆಮೈಸೂರಿನ ಕಡೆ, ಮೂರು ಸಲ ತೆಳ್ಳಗೆ ಕಕ್ಕ ಮಾಡಿದ ಒಂದು ವರ್ಷದ ಮಗುವಿಗೆ ‘ಭೇದಿಯಾಗಿದೆ’ ಎನ್ನುತ್ತಾರೆಯೇ? ನಾನು ಕೇಳಿರುವುದು ‘ಹೊಟ್ಟೆ ಕೆಟ್ಟಿದೆ’, ‘ತೆಳ್ಳಗೆ ಹೋಗ್ತಿದೆ’, ‘ಹಲ್ಲು ಬರ್ತಿದೆ, ಅದಕ್ಕೇ’, ‘ಅಮ್ಮ ಏನೋ ತಿಂದಿದಾಳೆ, ಹಾಲು ಒಗ್ಗಿಲ್ಲ’, ‘ದೃಷ್ಟಿಯಾಗಿದೆ’. ಈಚೆಗೆ ಎಲ್ಲ ಕಡೆ ‘ಲೂಸ್ ಮೋಷನ್’. ಉತ್ತರ ಕರ್ನಾಟಕದಲ್ಲಿ ‘ಸಂಡಾಸ ಹತ್ಯಾವ’, ‘ಜುಲಾಬ ಹತ್ಯಾವ’. ರಕ್ತ, ಲೋಳೆ ಬಿದ್ದರೆ ‘ಆಮಶಂಕೆ’. ಗಮನಿಸಿ, ಇದರಲ್ಲಿ ಮತ್ತು ಬಂಗಾಳಿಯ ‘ಆಮಾಶಾ’ದಲ್ಲಿ ಇರುವುದು ಒಂದೇ ‘ಆಮ’. ‘ಅಜೀರ್ಣ’ವಂತೂ ಅಕ್ಷರವೂ ಬದಲಾಗದೆ ಎರಡೂ ಕಡೆ ಇದೆ. ಬಾಣಂತಿಯ ಪಥ್ಯ ತಪ್ಪಿದರೆ ಕೂಸಿಗೆ ಹೊಟ್ಟೆ ಕೆಡುತ್ತದೆ ಎಂಬ ನಮ್ಮ ನಂಬಿಕೆಗೂ ಅವರ ‘ದೂಧ್ ಹಾಗಾ’ಕ್ಕೂ ಹೆಚ್ಚು ದೂರವಿಲ್ಲ. ಹಾಗಿದ್ದರೆ ಅಲ್ಲಿ ಆದದ್ದು ಇಲ್ಲಿಯೂ ಆಗುತ್ತಿರಬಹುದಲ್ಲವೇ? ‘ಭೇದಿಯಾದರೆ ಓಆರ್‌ಎಸ್ ಕೊಡಿ’ ಎಂದು ಓದಿದ ತಾಯಿ, ತನ್ನ ಮಗುವಿಗೆ ಆಗಿರುವುದು ಹಲ್ಲಿನದು, ಭೇದಿಯಲ್ಲ ಎಂದುಕೊಂಡು ಸುಮ್ಮನಿರಬಹುದು.

‘ಭೇದಿ’ಯಲ್ಲಿ ಇನ್ನೊಂದು ತೊಡಕಿದೆ. ಹಳಬರು ‘ಭೇದಿಗೆ ಕೊಟ್ಟರು’ ಎಂದರೆ ಹೊಟ್ಟೆ ತೊಳೆಯಲು ಔಷಧಿ ಕೊಟ್ಟರು ಎಂದರ್ಥ. ಹರಳೆಣ್ಣೆ ಕೊಡುವುದು ಹಾಗೆ. ನಿಲ್ಲಿಸಲು ಕೊಡುವುದಲ್ಲ, ಆಗಲೆಂದು ಕೊಡುವುದು. ‘ಜುಲಾಬ’ಕ್ಕೂ ಈ ಎರಡು ಮುಖವಿದೆ. ಹೀಗಿರುವಾಗ ‘ಭೇದಿಗೆ ಈ ಪುಡಿ ಕೊಡಿ’ ಎಂಬ ವಾಕ್ಯವನ್ನು ಅಜ್ಜಿಯೊಬ್ಬಳು ಹೇಗೆ ತೆಗೆದುಕೊಳ್ಳುತ್ತಾಳೆ? ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಈ ಬಳಕೆ ಇನ್ನೂ ಇದೆಯೇ, ಇದ್ದರೆ ಯಾವ ಕಡೆ, ದಯವಿಟ್ಟು ತಿಳಿಸಿ. ಅಂದಹಾಗೆ, ಕರಪತ್ರಗಳಲ್ಲಿ ‘ಬೇಧಿ’ ಎಂದು ಅಚ್ಚಾಗುವುದು ತಪ್ಪು; ಭಿದ್ ಧಾತುವಿನಿಂದ ಬಂದದ್ದು ‘ಭೇದಿ’.

ಒಂದೇ ಸರ್ವಸಮ್ಮತ ಪದ ಹುಡುಕುವುದನ್ನು ನಾನು ಕೈಬಿಟ್ಟಿದ್ದೇನೆ. ಸದ್ಯಕ್ಕೆ ಹೀಗೆ ಬರೆದಿದ್ದೇನೆ: ‘ಹೊಟ್ಟೆ ಕೆಟ್ಟು ತೆಳ್ಳಗೆ ಹೋಗುತ್ತಿದ್ದರೂ, ಹಲ್ಲು ಬರುವಾಗ ಆದರೂ, ಆಮಶಂಕೆಯಾದರೂ, ವಾಂತಿಭೇದಿಯಾದರೂ, ದಿನಕ್ಕೆ ಮೂರು ಸಲ ಅಥವಾ ಅದಕ್ಕಿಂತ ಹೆಚ್ಚು ನೀರಾಗಿ ಹೋದರೆ ಈ ನೀರು ಕುಡಿಸಿ. ಎದೆಹಾಲು ನಿಲ್ಲಿಸಬೇಡಿ. ರಕ್ತ ಕಂಡರೆ ನೀರು ಕುಡಿಸುತ್ತಲೇ ಆಸ್ಪತ್ರೆಗೆ ಕರೆದೊಯ್ಯಿರಿ.’ ಉದ್ದವಾಯಿತು ಎಂದು ಸಂಪಾದಕರು ಹೇಳುತ್ತಾರೆ. ಆದರೂ ಈ ಉದ್ದ ಬೇಕು ಎಂಬುದು ನನ್ನ ಅಭಿಪ್ರಾಯ. ನಿಮ್ಮ ಕಡೆಯ ಯಾವ ಹೆಸರು ಇದರಲ್ಲಿ ಬಿಟ್ಟುಹೋಗಿದೆ? ಕರಾವಳಿ, ಮಲೆನಾಡು, ಕೊಡಗಿನವರ ಮಾತು ನನ್ನ ಬಳಿ ಏನೇನೂ ಇಲ್ಲ.

ಎರಡನೆಯದು ‘ನಿರ್ಜಲೀಕರಣ’, ಅಂದರೆ ಮೈಯಲ್ಲಿ ನೀರು ಕಡಿಮೆಯಾಗುವುದು (ಡಿಹೈಡ್ರೇಶನ್). ಈ ಪದವನ್ನು ಪುಸ್ತಿಕೆಯಲ್ಲಿ ಬಳಸಲು ನನಗೆ ಮನಸ್ಸಿಲ್ಲ. ‘ಈಕರಣ’ ಬಂದ ಕಡೆ ಯಾರೋ ಏನನ್ನೋ ಮಾಡುತ್ತಿದ್ದಾರೆ ಎಂಬ ಧ್ವನಿಯಿದೆ. ಈರುಳ್ಳಿ ಒಣಗಿಸಿ ಪುಡಿ ಮಾಡುವುದಕ್ಕೂ ಇದೇ ಪದ. ತಾಯಿ ಹೇಳುವುದು ‘ಮಗು ಸೊರಗಿದೆ’, ‘ಬಾಡಿದೆ’, ‘ನಿತ್ರಾಣ ಆಗಿದೆ’, ‘ಕಣ್ಣು ಗುಳಿ ಬಿದ್ದಿದೆ’. ಇವುಗಳಲ್ಲಿ ‘ಸೊರಗು’ ತಿಂಗಳುಗಟ್ಟಲೆ ಊಟ ಸಾಲದೆ ಆಗುವುದಕ್ಕೂ ಸಲ್ಲುತ್ತದೆ, ಹಾಗಾಗಿ ಬೇಡ. ‘ಮೈಯ ನೀರು ಬತ್ತಿದೆ’ ಎಂದು ಬರೆದಿದ್ದೇನೆ. ಕಿವಿಗೆ ಸರಿ ಕೇಳುತ್ತದೆಯೇ? ಇದಕ್ಕಿಂತ ಸಹಜವಾದದ್ದು ಯಾರ ಬಾಯಲ್ಲಾದರೂ ಇದ್ದರೆ ಅದನ್ನೇ ಹಾಕುತ್ತೇನೆ.

‘ಜೀವಜಲ’ದ ಬಗ್ಗೆಯೂ ಒಂದು ಮಾತು. ಓಆರ್‌ಎಸ್‌ಗೆ ಈ ಹೆಸರು ಚೆಂದವಾಗಿದೆ; ನೇಪಾಳದಲ್ಲಿ ‘ಜೀವನ್ ಜಲ್’ ಹೆಸರಿನ ಪೊಟ್ಟಣವೇ ಇದೆ. ಆದರೆ ನಮ್ಮ ಪತ್ರಿಕೆಗಳಲ್ಲಿ ಜೀವಜಲ ಎಂದರೆ ಕುಡಿಯುವ ನೀರು, ಕೆರೆ, ಕಾವೇರಿ. ಬ್ರ್ಯಾಕ್‌ನವರು ತಮ್ಮ ನೀರನ್ನು ‘ಲೊಬೊನ್-ಗುಡ್’ ಎಂದು ಕರೆದರು, ಅಂದರೆ ಉಪ್ಪು-ಬೆಲ್ಲ. ಹೆಸರು ಹೇಳಿದರೆ ಮಾಡುವ ರೀತಿಯೂ ನೆನಪಾಗುತ್ತದೆ. ನಾನು ‘ಉಪ್ಪು-ಬೆಲ್ಲದ ನೀರು’ ಎಂದೇ ಇಟ್ಟುಕೊಂಡಿದ್ದೇನೆ, ಪೊಟ್ಟಣಕ್ಕೆ ‘ಓಆರ್‌ಎಸ್ ಪುಡಿ’. ಇದನ್ನು ‘ಔಷಧಿ’ ಎಂದು ಎಲ್ಲಿಯೂ ಬರೆದಿಲ್ಲ. ಔಷಧಿ ಎಂದೊಡನೆ ಭೇದಿ ಕಟ್ಟಬೇಕು ಎಂಬ ನಿರೀಕ್ಷೆ ಹುಟ್ಟುತ್ತದೆ. ಈ ನೀರು ಭೇದಿಯನ್ನು ಕಟ್ಟುವುದಿಲ್ಲ, ಹೋದ ನೀರನ್ನು ತುಂಬುತ್ತದೆ. ಬಾಂಗ್ಲಾದಲ್ಲೂ ಎಷ್ಟೋ ತಾಯಂದಿರು ‘ಕೊಟ್ಟೆವು, ನಿಲ್ಲಲಿಲ್ಲ’ ಎಂದು ಬಿಟ್ಟುಬಿಟ್ಟರು.

ಅಳತೆಯ ಪದಗಳಲ್ಲಿ ನಿಖರತೆ ಬೇಕು, ಏಕೆಂದರೆ ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ‘ಚಿಟಿಕೆ’ ಎಂದರೆ ನನಗೆ ಹೆಬ್ಬೆರಳು, ತೋರುಬೆರಳು ಎರಡೇ. ರಂಗೋಲಿ ಪುಡಿ ಹಿಡಿದ ಹಾಗೆ. ನಡುಬೆರಳೂ ಸೇರಿದರೆ ಅದಕ್ಕೆ ಬೇರೆ ಹೆಸರಿದೆಯೇ? ‘ಹಿಡಿ’ ಮುಚ್ಚಿದ ಮುಷ್ಟಿ, ‘ಬೊಗಸೆ’ ಎರಡು ಅಂಗೈ ಕೂಡಿದ್ದು; ಒಂದೇ ಅಂಗೈ ಬಗ್ಗಿಸಿದ್ದಕ್ಕೆ ‘ಸೆರೆ’ ಎನ್ನುವವರು ಈಗಲೂ ಇದ್ದಾರೆಯೇ? ಸೇರಿನ ವಿಚಾರ ಸುಲಭ: ಬಂಗಾಳದ ಸೇರು ತೂಕದ್ದು, ಸುಮಾರು 933 ಗ್ರಾಂ. ಹಾಗಾಗಿ ಅರ್ಧ ಸೇರು ನೀರು ಅರ್ಧ ಲೀಟರಿಗೆ ಸ್ವಲ್ಪ ಕಡಿಮೆ. ನಮ್ಮ ಸೇರು ಊರಿಂದೂರಿಗೆ ಬದಲಾಗುವುದರಿಂದ ಅದನ್ನು ಕತೆಯ ಭಾಗದಲ್ಲಿ ಮಾತ್ರ ಉಳಿಸಿ, ಮಾಡುವ ಕ್ರಮದಲ್ಲಿ ಚಮಚ, ಲೀಟರು ಬಳಸುತ್ತೇನೆ: ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಕೊನೆಯದಾಗಿ ‘ಸಮುದಾಯ’. ಪುಸ್ತಿಕೆಯ ಉಪಶೀರ್ಷಿಕೆಗೆ ‘ಸಮುದಾಯ ಆಧಾರಿತ ಮಕ್ಕಳ ಆರೋಗ್ಯ’ ಎಂದು ಸೂಚನೆ ಬಂದಿದೆ. ಸರ್ಕಾರಿ ಕಡತದಲ್ಲಿ, ಸಮುದಾಯ ಆರೋಗ್ಯ ಕೇಂದ್ರದ ಬೋರ್ಡಿನಲ್ಲಿ ಇದು ನೆಲೆಯಾದ ಪದ, ಒಪ್ಪುತ್ತೇನೆ. ಆದರೆ ಇವತ್ತಿನ ಪತ್ರಿಕೆ ತೆರೆದರೆ ‘ಸಮುದಾಯದ ಮುಖಂಡರು’, ‘ಸಮುದಾಯ ಭವನ’: ಬಹುಪಾಲು ಕಡೆ ಅದು ಜಾತಿಗೆ ಇಟ್ಟ ಮರ್ಯಾದೆಯ ಹೆಸರು. ‘ಸಮುದಾಯದ ತಾಯಂದಿರು ಸೇರಿ’ ಎಂದು ಬರೆದರೆ, ಓದುವವಳು ಯಾವ ಸಮುದಾಯದವರು ಎಂದು ಕೇಳುತ್ತಾಳೆ. ಬ್ರ್ಯಾಕ್‌ನ ಕೆಲಸದ ಗುಣ ಇದಕ್ಕೆ ನೇರ ವಿರುದ್ಧ: ಯಾವ ಮನೆಯನ್ನೂ ಬಿಡದೆ ಪ್ರತಿ ಬಾಗಿಲಿಗೂ ಹೋದದ್ದು, ಹೆಂಗಸರಿಗಷ್ಟೇ ಹೇಳಿದರೆ ಸಾಲದೆಂದು ಮಸೀದಿ, ಸಂತೆ, ಶಾಲೆಗಳಲ್ಲಿ ಗಂಡಸರಿಗೂ ಹೇಳಿದ್ದು. ಇದಕ್ಕೆ ‘ಊರೊಟ್ಟಿನ’ ಎಂಬ ಪದ ನನಗೆ ಹಿಡಿಸಿದೆ. ‘ಊರೊಟ್ಟಿನ ಹಬ್ಬ’ ಎನ್ನುತ್ತೇವಲ್ಲ, ಹಾಗೆ ‘ಮಕ್ಕಳ ಆರೋಗ್ಯಕ್ಕೆ ಊರೊಟ್ಟಿನ ಕೆಲಸ’. ಇದಕ್ಕೆ ಆಕ್ಷೇಪವಿದ್ದರೆ ಈಗಲೇ ಹೇಳಿ. ಪಟ್ಟಣದ ಕೊಳೆಗೇರಿಗೆ ‘ಊರು’ ಹೊಂದುತ್ತದೆಯೇ, ‘ಊರು’ ಎಂದಾಗ ‘ಕೇರಿ’ ಹೊರಗುಳಿಯುತ್ತದೆಯೇ ಎಂಬ ಅನುಮಾನ ನನಗೂ ಇದೆ. ಎರಡನೆಯದು ಸಣ್ಣ ಅನುಮಾನವಲ್ಲ. ‘ಊರುಕೇರಿ’ ಎಂದೇ ಜೋಡಿಸಿ ಬರೆದರೆ ಹೇಗೆ?

ಉತ್ತರ ಬರೆಯುವಾಗ ಪದದ ಜೊತೆ ತಾಲೂಕಿನ ಹೆಸರು, ಎಷ್ಟು ವಯಸ್ಸಿನ ಮಗುವಿಗೆ ಹಾಗೆ ಹೇಳುತ್ತಾರೆ, ಆಗ ಮನೆಯಲ್ಲಿ ಏನು ಕೊಡುತ್ತಾರೆ, ಏನು ನಿಲ್ಲಿಸುತ್ತಾರೆ ಎಂಬುದನ್ನೂ ಸೇರಿಸಿ. ಅಮ್ಮ, ಅಜ್ಜಿ, ಅತ್ತೆಯವರನ್ನು ಕೇಳಿ ಬರೆದರೆ ಇನ್ನೂ ಒಳ್ಳೆಯದು. ಜೊತೆಗೆ ಇನ್ನೊಂದು: ಮೈಯ ನೀರು ಬತ್ತಿದ ಕೂಸಿನ ನೆತ್ತಿ ಕುಳಿಬೀಳುತ್ತದೆ. ಮೆಕ್ಸಿಕೊದ ಹಳ್ಳಿಗಳಲ್ಲಿ ಇದನ್ನೇ ಬೇರೊಂದು ಕಾಯಿಲೆಯೆಂದು ತಿಳಿದು, ‘ಬಿದ್ದ ನೆತ್ತಿ’ ಎಂದು ಕರೆದು, ಮಗುವನ್ನು ತಲೆಕೆಳಗಾಗಿ ಹಿಡಿದು, ಅಂಗುಳನ್ನು ಬೆರಳಿಂದ ಮೇಲಕ್ಕೊತ್ತುವ ರೂಢಿಯಿದೆ. ನಮ್ಮಲ್ಲಿ ‘ನೆತ್ತಿ ಬಿದ್ದಿದೆ’, ‘ಸುಳಿ ಇಳಿದಿದೆ’ ಎನ್ನುವ ಮಾತು ಯಾವ ಕಡೆಯಾದರೂ ಇದೆಯೇ? ಇದ್ದರೆ ಅದನ್ನು ಹೊಟ್ಟೆ ಕೆಟ್ಟದ್ದಕ್ಕೆ ಜೋಡಿಸಿ ಹೇಳುತ್ತಾರೆಯೇ, ಇಲ್ಲವೇ ಬೇರೆಯೇ ಕಾಯಿಲೆ ಎಂದು ನೆತ್ತಿಗೆ ಎಣ್ಣೆ ಹಚ್ಚಿ ಸುಮ್ಮನಾಗುತ್ತಾರೆಯೇ?